ಡೆನ್ವರ್‌ನಾಗ ಓಡ್ಸಲಿಕ್ಕೆ ಯಾವ ಅಮೆರಿಕನ್ ದೊಡ್ಡ ಸೆಡಾನ್ ಜೋರ? ಇಂಪಾಲಾ, ಮರಾಡರ್, ಜಿ8, ಚಾರ್ಜರ್, ಷೆವಿ ಎಸ್‌ಎಸ್, ಟಾರಸ್ ಎಸ್‌ಎಚ್‌ಒ

ಸೂಪರ್‌ಮಾರ್ಕೆಟ್_ಹುಡುಗ (ಕಲಬುರಗಿ):
ಅಣ್ಣಾರ, ನಮ್ಮ ಸೋದರಮಾವನ ಮಗ ಅಮೆರಿಕಾದ ಡೆನ್ವರ್‌ನಾಗ ಇರ್ತಾನ. ಸೆಕೆಂಡ್ ಹ್ಯಾಂಡ್ ಸೆಡಾನ್ ನೋಡ್ಲಿಕತ್ತಾನ. ನಾಕು ಬಾಗಿಲು, ಹಿಂದ ಮೂರು ಮಂದಿ ಆರಾಮ ಕೂಡಬೇಕು, ಕಾಲಿಟ್ರ ಎಳೀಬೇಕು, ಅಷ್ಟೇ. ಲಿಸ್ಟ್ ಹಿಂಗದ: 1996 ಇಂಪಾಲಾ ಎಸ್‌ಎಸ್, 2003 ಮರ್ಕ್ಯುರಿ ಮರಾಡರ್, 2009 ಪಾಂಟಿಯಾಕ್ ಜಿ8 ಜಿಟಿ, 2012 ಡಾಜ್ ಚಾರ್ಜರ್ ಆರ್/ಟಿ, 2015 ಷೆವ್ರೊಲೆ ಎಸ್‌ಎಸ್, 2013 ಟಾರಸ್ ಎಸ್‌ಎಚ್‌ಒ. ಎಚ್‌ಪಿ ನೋಡಿದ್ರ ಷೆವಿ ಎಸ್‌ಎಸ್ ಮುಂದ ಅದ. ಖರೆ ರಸ್ತಾದ ಮ್ಯಾಲನೂ ಹಂಗೇ ಏನು? ಮತ್ತ ಇನ್ನೊಂದು, ಮುಂದ ಅದನ್ನ ಇಲ್ಲಿಗೆ ತರಲಿಕ್ಕೆ ಬರ್ತದೇನ್ರಿ?

ಎಂಎಸ್‌ಕೆ_ಮಿಲ್_ರೋಡ್ (ಕಲಬುರಗಿ):
ಇಲ್ಲಿಗೆ ತರೋ ಮಾತು ಬಿಡ್ರಿ. ಹಳೆ ಗಾಡಿ ಆಮದಿಗೆ ಮೂರು ವರ್ಷದೊಳಗಿನ ತಯಾರಿ ಇರಬೇಕು, ಸ್ಟೇರಿಂಗ್ ಬಲಕ್ಕಿರಬೇಕು. ಇವೆಲ್ಲಾ ಎಡಗೈ ಗಾಡಿ. ಜಿ8 ಮತ್ತ ಷೆವಿ ಎಸ್‌ಎಸ್ ಎರಡೂ ಮೂಲತಃ ಆಸ್ಟ್ರೇಲಿಯಾದ ಹೋಲ್ಡನ್ ಕೊಮೊಡೋರ್, ಬಲಗೈ ತಮ್ಮಂದಿರು ಅಲ್ಲಿ ಸಿಗ್ತಾರ. ಆದ್ರ ಅಲ್ಲಿ ತಯಾರಿ 2017ಕ್ಕೇ ನಿಂತದ. ವಯಸ್ಸಿನ ಲೆಕ್ಕದಾಗ ಅದೂ ಬಂದ್.

ಈಗ ಗಾಡಿ ವಿಷಯ. ಲಿಸ್ಟ್‌ನಾಗ ಎರಡು ತಲೆಮಾರು ಕೂಡ್ಯಾವ, ಮೊದಲು ಅದನ್ನ ಬಿಡಿಸ್ರಿ. ಇಂಪಾಲಾ ಎಸ್‌ಎಸ್ ಅಂದ್ರ 5.7 ಲೀಟರ್ ಎಲ್‌ಟಿ1 ಎಂಜಿನ್, 260 ಎಚ್‌ಪಿ, ಟಾರ್ಕ್ (ತಿರುಗಿಸೋ ಬಲ) 447 ಎನ್‌ಎಂ. ಮರಾಡರ್ 4.6 ಲೀಟರ್, 32 ವಾಲ್ವ್, 302 ಎಚ್‌ಪಿ, 431 ಎನ್‌ಎಂ. ಎರಡೂ 1,900 ಕೆ.ಜಿ. ಆಸುಪಾಸು, ಎರಡಕ್ಕೂ ನಾಕು ಗೇರಿನ ಆಟೊಮ್ಯಾಟಿಕ್, ಚಾಸಿ ಬ್ಯಾರೆ ಬಾಡಿ ಬ್ಯಾರೆ. ಶೂನ್ಯದಿಂದ 96 ಕಿ.ಮೀ. ವೇಗಕ್ಕ 7 ಸೆಕೆಂಡ್ ಹತ್ರ, ಕ್ವಾರ್ಟರ್ ಮೈಲಿಗೆ (ನಿಂತಲ್ಲಿಂದ ಸುಮಾರು 400 ಮೀಟರ್) 15.5 ಸೆಕೆಂಡ್ ಹತ್ರ. 42 ಎಚ್‌ಪಿ ಹೆಚ್ಚಿದ್ದೂ ಮರಾಡರ್ ಮುಂದ ಹೋಗಲ್ಲ, ಎದಕ್ಕ ಅಂತ ಗೇರ್ ಬಲ್ಲವರು ಹೇಳಲಿ.

ಉಳಿದ ನಾಕರದ್ದು ಬ್ಯಾರೆ ಮಟ್ಟ. ಜಿ8 ಜಿಟಿ 6.0 ಲೀಟರ್, 361 ಎಚ್‌ಪಿ, 1,810 ಕೆ.ಜಿ. ಚಾರ್ಜರ್ ಆರ್/ಟಿ 5.7 ಲೀಟರ್ ಹೆಮಿ (ಡಾಜ್‌ನ ವಿ8), 370 ಎಚ್‌ಪಿ, 1,930 ಕೆ.ಜಿ. ಷೆವಿ ಎಸ್‌ಎಸ್ 6.2 ಲೀಟರ್ ಎಲ್‌ಎಸ್3, 415 ಎಚ್‌ಪಿ, 1,800 ಕೆ.ಜಿ. ಟಾರಸ್ ಎಸ್‌ಎಚ್‌ಒ ವಿ8 (ಎಂಟು ಸಿಲಿಂಡರ್) ಅಲ್ಲವೇ ಅಲ್ಲ, 3.5 ಲೀಟರ್ ವಿ6, ಎರಡು ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಯಂತ್ರ), 365 ಎಚ್‌ಪಿ, ನಾಕೂ ಗಾಲಿಗೆ ಡ್ರೈವ್, ಸುಮಾರು 1,980 ಕೆ.ಜಿ. ಕ್ವಾರ್ಟರ್ ಮೈಲಿನಾಗ ಷೆವಿ ಎಸ್‌ಎಸ್ 13.2 ಆಸುಪಾಸು, ಉಳಿದ ಮೂರೂ 13.8 ಆಸುಪಾಸು.

ಒಂದು ಎಚ್ಚರ. ಅಮೆರಿಕನ್ ಪತ್ರಿಕೆಗಳು 0–60 ಮೈಲಿ (ಅದೇ 96 ಕಿ.ಮೀ.) ವೇಗದ ಸಮಯ ಅಳೆಯೋ ಮುಂದ ಗಾಡಿ ಮೊದಲ ಒಂದು ಅಡಿ ಸರಿದ ಮ್ಯಾಲೇ ಗಡಿಯಾರ ಶುರು ಮಾಡ್ತಾವ. ಅದರಾಗೇ 0.3 ಸೆಕೆಂಡ್ ಸಿಗ್ತದ. ಮೊಬೈಲ್ ಜಿಪಿಎಸ್‌ನಾಗ ಅಳೆದವರ ಲೆಕ್ಕಕ್ಕ ಅದನ್ನ ಹೋಲಿಸಿ ಜಗಳ ತೆಗೀಬ್ಯಾಡ್ರಿ.

ಬೀದರ್_ಟರ್ಬೊ:
ಮೇಲಿನ ಅಂಕಿಗಳೆಲ್ಲ ಸರಿಯಾಗಿವೆ, ಆದರೆ ಊರು ಮರೆತಿರಿ. ಡೆನ್ವರ್ 1,600 ಮೀಟರ್ ಎತ್ತರದಲ್ಲಿದೆ. ಕಂಪನಿ ಹೇಳುವ ಎಚ್‌ಪಿ ಹೆಚ್ಚುಕಡಿಮೆ ಸಮುದ್ರಮಟ್ಟದ ಗಾಳಿಗೆ, 25 ಡಿಗ್ರಿಗೆ ಹೊಂದಿಸಿದ್ದು. ಡೆನ್ವರ್‌ನ ಗಾಳಿಯ ಒತ್ತಡ ಸುಮಾರು 834 ಹೆಕ್ಟೊಪ್ಯಾಸ್ಕಲ್, ಅಳತೆಯ ಮಾನದಂಡ 990. ಟರ್ಬೊ ಇಲ್ಲದ ಎಂಜಿನ್ನಿಗೆ ನೇರವಾಗಿ 16 ಪರ್ಸೆಂಟ್ ಖೋತಾ. ಹೋಲಿಕೆಗೆ ಹೇಳುವುದಾದರೆ ನಮ್ಮ ಕಲಬುರಗಿ 450 ಮೀಟರ್ ಎತ್ತರ. ಮೇ ತಿಂಗಳ 42 ಡಿಗ್ರಿ ಬಿಸಿಲನ್ನೂ ಸೇರಿಸಿ ಲೆಕ್ಕ ಹಾಕಿದರೆ ಖೋತಾ 6 ಪರ್ಸೆಂಟ್ ಸುತ್ತಮುತ್ತ ನಿಲ್ಲುತ್ತದೆ. ನಾವು ಬಿಸಿಲನ್ನು ಬೈಯುತ್ತೇವೆ, ಎಂಜಿನ್ನಿಗೆ ಎತ್ತರವೇ ದೊಡ್ಡ ಶತ್ರು.

ಹಾಗಾಗಿ ಷೆವಿ ಎಸ್‌ಎಸ್‌ನ 415 ಎಚ್‌ಪಿ ಅಲ್ಲಿ ಸುಮಾರು 350 ಆಗುತ್ತದೆ. ಕ್ವಾರ್ಟರ್ ಮೈಲಿಯ ಸಮಯ ಶಕ್ತಿಯ ಘನಮೂಲದ ಲೆಕ್ಕದಲ್ಲಿ ಬದಲಾಗುತ್ತದೆ, ಅಂದರೆ 13.2 ಹೋಗಿ 14.0. ಜಿ8, ಚಾರ್ಜರ್ 13.8ರಿಂದ 14.6ಕ್ಕೆ ಇಳಿಯುತ್ತವೆ. ಇಂಪಾಲಾ 16.4. ಇನ್ನು ಎಸ್‌ಎಚ್‌ಒ: ಅದರ ಕಂಪ್ಯೂಟರ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ಒಳಗಿನ ನಿಜ ಒತ್ತಡ ನೋಡಿ ವೇಸ್ಟ್‌ಗೇಟ್ (ಟರ್ಬೊದ ವೇಗ ಹಿಡಿದಿಡುವ ಕವಾಟ) ನಡೆಸುತ್ತದೆ. ಹೊರಗಿನ ಗಾಳಿ ತೆಳುವಾದರೆ ಟರ್ಬೊವನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಕೊರತೆ ತುಂಬುತ್ತದೆ. ಟರ್ಬೊ ಬಿಸಿಯಾಗುವುದು, ಎಕ್ಸಾಸ್ಟ್ ಬೆನ್ನೊತ್ತಡ ಇವುಗಳಿಂದ 4-5 ಪರ್ಸೆಂಟ್ ಹೋದೀತು. 13.8 ಇದ್ದದ್ದು 14.0. ಕಾಗದದಲ್ಲಿ 50 ಎಚ್‌ಪಿ ಹಿಂದಿದ್ದ ಗಾಡಿ ಡೆನ್ವರ್‌ನಲ್ಲಿ ಷೆವಿ ಎಸ್‌ಎಸ್ ಪಕ್ಕಕ್ಕೇ ಬಂತು. ಇದು ಲೆಕ್ಕದ ಅಂದಾಜು, ಡ್ರೈವರ್ ಮತ್ತು ಟೈರ್ ಇದನ್ನು ಅರ್ಧ ಸೆಕೆಂಡ್ ಆಚೀಚೆ ಮಾಡಬಹುದು.

ಬೇಸಿಗೆಯಲ್ಲಿ ಇನ್ನೂ ಕಷ್ಟ. ಡೆನ್ವರ್‌ನಲ್ಲಿ 32 ಡಿಗ್ರಿ ಆದ ದಿನ ಗಾಳಿಯ ಸಾಂದ್ರತೆ 2,600 ಮೀಟರ್ ಎತ್ತರದ ಸಾಂದ್ರತೆಗೆ ಸಮ.

ಹೆಲ್‌ಕ್ಯಾಟ್ ಚಾರ್ಜರ್ ತಗೋ ಎಂದು ಯಾರಾದರೂ ಹೇಳಬಹುದು. 707 ಎಚ್‌ಪಿ ನಿಜ, ಆದರೆ ಅದರ ಸೂಪರ್‌ಚಾರ್ಜರ್ (ಟರ್ಬೊದಂತೆ ಗಾಳಿ ತುಂಬುವ ಯಂತ್ರ) ಬೆಲ್ಟಿನಿಂದ ತಿರುಗುತ್ತದೆ. ಎಂಜಿನ್ನಿಗೂ ಅದಕ್ಕೂ ಇರುವ ಅನುಪಾತ ಕಟ್ಟಿಟ್ಟದ್ದು, ಎತ್ತರಕ್ಕೆ ಹೋದರೆ ಹೆಚ್ಚು ತಿರುಗಿ ಸರಿದೂಗಿಸಲು ಬರುವುದಿಲ್ಲ. ಅದೂ ಗಾಳಿಯ ಜೊತೆಗೇ ಇಳಿಯುತ್ತದೆ. ಇಳಿದ ಮೇಲೂ ಉಳಿದವೆಲ್ಲಕ್ಕಿಂತ ಮುಂದೆ ಇರುತ್ತದೆ, ಅದು ಬೇರೆ.

ಪೆಟ್ರೋಲ್ ವಿಷಯಕ್ಕೆ ಒಂದು ಮಾತು. ಕೊಲೊರಾಡೊದಲ್ಲಿ ಸಾದಾ ಪೆಟ್ರೋಲ್ 85 ಎಂದು ಬರೆದಿರುತ್ತದೆ, ಪ್ರೀಮಿಯಂ 91. ಇವು ಆಕ್ಟೇನ್ ಅಂಕಿಗಳು; ಅಲ್ಲಿನದು ಎಕೆಐ ಲೆಕ್ಕ, ನಮ್ಮ ಬಂಕಿನದು ಆರ್‌ಒಎನ್ ಎಂಬ ಬೇರೆ ಲೆಕ್ಕ. ಅಲ್ಲಿನ 91 ಇಲ್ಲಿನ 95-96ಕ್ಕೆ ಹತ್ತಿರ. ತೆಳು ಗಾಳಿಯಲ್ಲಿ ಟರ್ಬೊ ಇಲ್ಲದ ಹಳೆ ಎಂಜಿನ್ 85ರಲ್ಲಿ ಹೇಗೋ ನಡೆಯಿತು ಎಂದು ಎಸ್‌ಎಚ್‌ಒಗೂ ಅದನ್ನೇ ಹಾಕಬಾರದು. ಸಿಲಿಂಡರ್ ಒಳಗಿನ ಒತ್ತಡ ಅಲ್ಲೂ ಹೆಚ್ಚುಕಡಿಮೆ ಪೂರ್ತಿ ಇರುತ್ತದೆ, ನಾಕ್ ಹೊಡೆಯುತ್ತದೆ (ಪೆಟ್ರೋಲ್ ಅಕಾಲದಲ್ಲಿ ತಾನೇ ಸಿಡಿಯುತ್ತದೆ), ಕಂಪ್ಯೂಟರ್ ಸ್ಪಾರ್ಕ್ ಟೈಮಿಂಗ್ ಹಿಂದೆ ಎಳೆಯುತ್ತದೆ, ಆಗ ಟರ್ಬೊದ ಲಾಭವೇ ಹೋಯಿತು.

ಶಹಾಪುರ_ಗೇರ್ (ಯಾದಗಿರಿ ಜಿಲ್ಲಾ):
ಮರಾಡರ್ ಪ್ರಶ್ನೆ ನಾ ಹೇಳ್ತೀನಿ. ಇಂಪಾಲಾದ ಮೊದಲ ಗೇರ್ 3.06, ಹಿಂದಿನ ಆಕ್ಸಲ್ 3.08, ಗುಣಿಸಿದ್ರ 9.4. ಮರಾಡರ್ 2.84 ಇಂಟು 3.55, ಅಂದ್ರ 10.1. ಗೇರ್‌ನಾಗ ಮರಾಡರ್ ಮುಂದೇ ಅದ. ಆದ್ರ ಅದರ ಟಾರ್ಕ್ ಬರೋದು 4,300 ಆರ್‌ಪಿಎಂ ಹತ್ರ. ಇಂಪಾಲಾ ಎಲ್‌ಟಿ1 ಭಾಳ ಕೆಳಗೇ ಹಿಡೀತದ. ಸಿಗ್ನಲ್‌ನಿಂದ ಬಿಡೋ ಮುಂದ ಮರಾಡರ್ ಒಂದು ಕ್ಷಣ ಮಂಕು ಇರ್ತದ, ಆಮ್ಯಾಲ ಏಳ್ತದ. ಅದಕ್ಕೇ ಮಂದಿ ಮರಾಡರ್‌ಗೆ 4.10 ಆಕ್ಸಲ್ ಗೇರ್ ಮತ್ತ ಜರಾ ಮ್ಯಾಲಿನ ಸ್ಟಾಲ್ (ಗಾಡಿ ಎಳೆಯೋ ಮೊದಲು ಎಂಜಿನ್ ಏರೋ ಆರ್‌ಪಿಎಂ) ಇರೋ ಟಾರ್ಕ್ ಕನ್ವರ್ಟರ್ ಹಚ್ಚತಾರ. ಎಂಜಿನ್ ಮುಟ್ಟೋದೇ ಬ್ಯಾಡ, ಗಾಡಿ ಬ್ಯಾರೇನೇ ಆಗ್ತದ.

ಇಂಪಾಲಾಕ್ಕ 3.73 ಆಕ್ಸಲ್ ಗೇರ್ ಸಾಕು. ಮೊದಲ ಗೇರಿನ ಎಳೆತ 21 ಪರ್ಸೆಂಟ್ ಏರ್ತದ. 100 ಕಿ.ಮೀ. ವೇಗದಾಗ ನಾಕನೇ ಗೇರ್‌ನಾಗ 1,700 ಆರ್‌ಪಿಎಂ ಇದ್ದದ್ದು 2,060 ಆಗ್ತದ, ಅದೇನು ದೊಡ್ಡದಲ್ಲ. ಗೇರ್ ಹಾಕಿದ ಮ್ಯಾಲ ಕಂಪ್ಯೂಟರ್‌ನಾಗ ಆಕ್ಸಲ್ ಅನುಪಾತ ಬದಲಿಸಲೇಬೇಕು. ಇಲ್ಲಾಂದ್ರ ಸ್ಪೀಡೋಮೀಟರ್ ಸುಳ್ಳು ತೋರಿಸ್ತದ, ಗೇರ್ ಬದಲಾಗೋ ವೇಗನೂ ತಪ್ತದ.

ಎಲ್‌ಟಿ1ರ ದೊಡ್ಡ ತ್ರಾಸ ಆಪ್ಟಿಸ್ಪಾರ್ಕ್, ಅಂದ್ರ ಪ್ಲಗ್‌ಗಳಿಗೆ ಕಿಡಿ ಹಂಚೋ ಅದರ ಡಿಸ್ಟ್ರಿಬ್ಯೂಟರ್. ಡಿಸ್ಟ್ರಿಬ್ಯೂಟರ್‌ನ ಎಂಜಿನ್ ಮುಂದ, ಸೀದಾ ವಾಟರ್ ಪಂಪ್ ಕೆಳಗ ಇಟ್ಟಾರ. ಪಂಪ್ ಸೀಲ್ ಸೋರಿದ್ರ ಕೂಲಂಟ್ ಅದರ ಮ್ಯಾಲೇ ಹನಿತದ, ಒಳಗಿನ ಆಪ್ಟಿಕಲ್ ಸೆನ್ಸರ್ ಕೆಡ್ತದ. ಮಳಿ ಬಂದಾಗ ಗಾಡಿ ತಡವರಿಸಿದ್ರ, ಬಿಸಿ ಆದಾಗ ಬಂದ್ ಬಿದ್ರ ಮೊದಲು ಪಂಪ್ ಕೆಳಗಿನ ತೂತಿನ ಹತ್ರ ಬೆರಳಿಟ್ಟು ನೋಡ್ರಿ, ಒಣಗಿದ ಕೂಲಂಟ್ ಕಲೆ ಕೈಗೆ ಹತ್ತತದ. ಅದನ್ನ ಬದಲಿಸಲಿಕ್ಕೆ ಮೊದಲು ಪಂಪ್ ಇಳಿಸಬೇಕು, ಕ್ರ್ಯಾಂಕ್ ಬ್ಯಾಲೆನ್ಸರ್ ತಗೀಬೇಕು, ಆಮ್ಯಾಲ ಆಪ್ಟಿ. ಇಷ್ಟು ಬಿಚ್ಚಿದ ಮ್ಯಾಲ ಹಳೆ ಪಂಪ್ ವಾಪಸ್ ಹಚ್ಚೋದು ಶಾಣ್ಯಾತನ ಅಲ್ಲ. ಎರಡೂ ಕೂಡೇ ಹೊಸಾದು ಹಾಕ್ಬೇಕು.

ಮರಾಡರ್‌ನಾಗ ನೋಡೋದು ಹಿಂದಿನ ಏರ್ ಸ್ಪ್ರಿಂಗ್. ರಾತ್ರಿ ನಿಲ್ಲಿಸಿ ಮುಂಜಾನಿ ಹಿಂಭಾಗ ಕೂತಿದ್ರ ರಬ್ಬರ್ ಸೀಳ್ಯಾದ ಅಂತ ಅರ್ಥ. ಒಟ್ಟು 11,052 ಗಾಡಿ ಅಷ್ಟೇ ಮಾಡ್ಯಾರ, ಆದ್ರ ಕೆಳಗಿನ ಸಾಮಾನು ಭಾಳಷ್ಟು ಕ್ರೌನ್ ವಿಕ್ಟೋರಿಯಾ, ಗ್ರ್ಯಾಂಡ್ ಮಾರ್ಕಿದ್ದೇ. ಸಾಮಾನಿಗೆ ಚಿಂತಿ ಇಲ್ಲ.

ಸೂಪರ್‌ಮಾರ್ಕೆಟ್_ಹುಡುಗ:
ಬೀದರ್ ಅಣ್ಣಾರು ಲೆಕ್ಕ ಉಲ್ಟಾನೇ ಮಾಡಿಬಿಟ್ರು. ಇಂಪಾಲಾ, ಮರಾಡರ್ ಬಿಟ್ಟೀವಿ ಅಂತ ತಿಳೀರಿ. ಉಳಿದ ನಾಕರಾಗ ಯಾವ್ದು ಎಲ್ಲಿ ಕೆಡ್ತದ? ಅಲ್ಲಿ ಹಿಮಾ ಬ್ಯಾರೆ ಬೀಳ್ತದ.

ಎಂಎಸ್‌ಕೆ_ಮಿಲ್_ರೋಡ್:
ಚಾರ್ಜರ್‌ನಿಂದ ಶುರು ಮಾಡ್ರಿ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ನೋಡಲಿಕ್ಕೆ ಹೋಗಬೇಕು. ಮಾರೋವ ಮೊದಲೇ ಚಾಲೂ ಮಾಡಿ ಬಿಸಿ ಇಟ್ಟಿದ್ರ ಇನ್ನೊಂದು ದಿನ ಬರ್ತೀನಿ ಅನ್ರಿ. ತಣ್ಣಗ ಚಾಲೂ ಮಾಡಿದಾಗ ಟಿಕ್ ಟಿಕ್ ಬಂದು, ಕೆಲವು ನಿಮಿಷಕ್ಕ ಹೋದ್ರ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೋಲ್ಟ್ ಮುರದಾವ. ಬಿಸಿಗೆ ಲೋಹ ಹಿಗ್ಗಿ ಸಂದು ಮುಚ್ತದ, ಅದಕ್ಕೇ ಸದ್ದು ನಿಲ್ತದ. ಅದು ಸಣ್ಣ ಖರ್ಚು. ಬಿಸಿ ಆದ ಮ್ಯಾಲನೂ ಟಿಕ್ ನಿಲ್ಲಲಿಲ್ಲ, ಜೊತಿಗೆ ಮಿಸ್‌ಫೈರ್ (ಸಿಲಿಂಡರ್ ಸರಿಯಾಗಿ ಉರಿಯದ) ಕೋಡ್ ಪಿ0300 ಸರಣಿದಾಗ ಬಂತು ಅಂದ್ರ ಲಿಫ್ಟರ್ (ವಾಲ್ವ್ ಎತ್ತೋ ಸಾಮಾನು) ರೋಲರ್ ಹೋಗಿ ಕ್ಯಾಮ್ (ಅದನ್ನ ನೂಕೋ ದಂಡ) ತಿಂದದ. ಹೆಮಿದಾಗ ಲಿಫ್ಟರ್ ತಗೀಲಿಕ್ಕೆ ಸಿಲಿಂಡರ್ ಹೆಡ್ ಇಳಿಸಲೇಬೇಕು. ಕ್ಯಾಮ್, ಲಿಫ್ಟರ್, ಗ್ಯಾಸ್ಕೆಟ್, ಕೂಲಿ ಎಲ್ಲಾ ಕೂಡಿ ಗಾಡಿ ಬೆಲಿಗೆ ಪೆಟ್ಟು. ಅಂಥಾ ಗಾಡಿ ಎಷ್ಟು ಕಮ್ಮಿಗೆ ಕೊಟ್ರೂ ಬ್ಯಾಡ.

ಆಯಿಲ್ 5ಡಬ್ಲ್ಯು-20, 6.6 ಲೀಟರ್. ಕಡಿಮಿ ಲೋಡ್‌ನಾಗ ನಾಕು ಸಿಲಿಂಡರ್ ಬಂದ್ ಮಾಡೋ ವ್ಯವಸ್ಥಾ ಆಯಿಲ್ ಒತ್ತಡದ ಮ್ಯಾಲೇ ನಡೀತದ, ದಪ್ಪ ಆಯಿಲ್ ಹಾಕಿ ಪ್ರಯೋಗ ಮಾಡಬಾರದು. ಸ್ಪಾರ್ಕ್ ಪ್ಲಗ್ 16, ಸಿಲಿಂಡರ್‌ಗೆ ಎರಡೆರಡು. ಮಾರೋವ "ಎಂಟೂ ಪ್ಲಗ್ ಹೊಸಾವು" ಅಂದ್ರ ಅವಗ ಗಾಡಿನೇ ಗೊತ್ತಿಲ್ಲ.

ಜಿ8 ಜಿಟಿದಾಗೂ ಸಿಲಿಂಡರ್ ಬಂದ್ ಮಾಡೋ ವ್ಯವಸ್ಥಾ ಅದ, 1, 4, 6, 7ನೇ ಸಿಲಿಂಡರ್. ಲಿಫ್ಟರ್ ಹೋಗೋದೂ ಅಲ್ಲೇ. ಮಿಸ್‌ಫೈರ್ ಆ ನಾಕರಾಗ ಒಂದರ ಮ್ಯಾಲೇ ಕೂತಿದ್ರ ಅನುಮಾನ ಪಡ್ರಿ. ಮುಂದಿನ ರೇಡಿಯಸ್ ರಾಡ್ ಬುಶ್ ಒಳಗ ದ್ರವ ಇರ್ತದ, ಅದು ಸೋರಿದ್ರ ಬ್ರೇಕ್ ಹಾಕಿದಾಗ ಸ್ಟೇರಿಂಗ್ ನಡುಗ್ತದ. ಪಾಂಟಿಯಾಕ್ ಬ್ರ್ಯಾಂಡ್ ಮುಚ್ಚಿದ್ರಿಂದ ಹೆಡ್‌ಲೈಟ್, ಬಂಪರ್ ಹುಡುಕೋದು ತ್ರಾಸ. ಎಂಜಿನ್ ಸಾಮಾನು ಸಿಗ್ತದ.

ಷೆವಿ ಎಸ್‌ಎಸ್‌ನ ಎಲ್‌ಎಸ್3ಕ್ಕ ಈ ಸಿಲಿಂಡರ್ ಬಂದ್ ಮಾಡೋ ತಾಪತ್ರಯನೇ ಇಲ್ಲ. ನನ್ನ ಲೆಕ್ಕದಾಗ ಇಡೀ ಲಿಸ್ಟ್‌ನಾಗ ಗಟ್ಟಿ ಎಂಜಿನ್ ಅದೇ. 2015ರಿಂದ ಮ್ಯಾಗ್ನೆಟಿಕ್ ಸಸ್ಪೆನ್ಷನ್ ಬಂತು, ಆರು ಗೇರಿನ ಮ್ಯಾನ್ಯುವಲ್ ಕೂಡ. ಮ್ಯಾನ್ಯುವಲ್‌ಗೆ ಆಕ್ಸಲ್ 3.70, ಆಟೊಮ್ಯಾಟಿಕ್‌ಗೆ 3.27. ಹಿಮಕ್ಕ ಮಾತ್ರ ತಯಾರಿ ಬೇಕು: ಮುಂದ 245, ಹಿಂದ 275 ಅಗಲದ ಬೇಸಿಗಿ ಟೈರ್ ಇರ್ತಾವ, ಚಳಿಗೆ ಅವು ಕಲ್ಲಾಗಿ ಹಿಡಿತ ಬಿಡ್ತಾವ. ನಾಕೂ ಕಡೆ 245ರ ಚಳಿಗಾಲದ ಟೈರ್ ಬ್ಯಾರೆ ರಿಮ್‌ಗೆ ಹಾಕಿಟ್ಟುಕೋಬೇಕು.

ಬೀದರ್_ಟರ್ಬೊ:
ಎಸ್‌ಎಚ್‌ಒ ಹೊಗಳಿದ್ದು ನಾನೇ ಆದ್ದರಿಂದ ಅದರ ಕೆಟ್ಟದ್ದನ್ನೂ ನಾನೇ ಹೇಳಬೇಕು. ಇದರ ವಾಟರ್ ಪಂಪ್ ಟೈಮಿಂಗ್ ಕವರ್ ಒಳಗಿದೆ, ಟೈಮಿಂಗ್ ಚೈನೇ ಅದನ್ನು ತಿರುಗಿಸುತ್ತದೆ. ಸೀಲ್ ಕೆಟ್ಟರೆ ಕೂಲಂಟ್ ಹೊರಗೆ ಬರುವ ಬದಲು ಆಯಿಲ್‌ಗೆ ಸೇರಬಹುದು. ಆಯಿಲ್ ಡಿಪ್‌ಸ್ಟಿಕ್ ತೆಗೆದಾಗ ಹಾಲು ಹಾಕಿದ ಚಹಾದ ಬಣ್ಣ ಕಂಡರೆ ಬೇರಿಂಗ್‌ಗಳೂ ಹೋಗಿರುವ ಸಾಧ್ಯತೆ ಇದೆ. ಆಯಿಲ್ ಶುದ್ಧವಾಗಿದ್ದರೂ ಕೂಲಂಟ್ ಮಟ್ಟ ನೋಡಿ, ಆಲ್ಟರ್ನೇಟರ್ ಹಿಂದಿನ ಸೋರುತೂತಿನ ಬಳಿ ಕಲೆ ಇದೆಯೇ ನೋಡಿ. ಪಂಪ್ ಅಗ್ಗ, ಆದರೆ ಅದಕ್ಕಾಗಿ ಟೈಮಿಂಗ್ ಕವರ್ ಪೂರ್ತಿ ಬಿಚ್ಚಬೇಕು. ಬಿಚ್ಚಿದಾಗಲೇ ಚೈನ್, ಟೆನ್ಷನರ್ ಹೊಸದು ಹಾಕುವುದು ಜಾಣತನ.

ಎರಡನೆಯದು ಪಿಟಿಯು, ಅಂದರೆ ಹಿಂದಿನ ಗಾಲಿಗಳಿಗೆ ಶಕ್ತಿ ಕಳಿಸುವ ಗೇರ್‌ಬಾಕ್ಸ್. ಕ್ಯಾಟಲಿಟಿಕ್ ಕನ್ವರ್ಟರ್ ಪಕ್ಕದಲ್ಲೇ ಕೂತಿದೆ, ಒಳಗೆ ಸುಮಾರು ಅರ್ಧ ಲೀಟರ್ 75ಡಬ್ಲ್ಯು-140 ಆಯಿಲ್ ಮಾತ್ರ. ಆ ಬಿಸಿಗೆ ಆಯಿಲ್ ಸುಟ್ಟು ಡಾಂಬರಿನಂತಾಗುತ್ತದೆ. 50,000 ಕಿ.ಮೀ.ಗೊಮ್ಮೆ ಬದಲಿಸುವುದು ಒಳ್ಳೆಯದು. ಡ್ರೇನ್ ಪ್ಲಗ್ ಇಲ್ಲದಿದ್ದರೆ ತುಂಬುವ ತೂತಿನಿಂದಲೇ ಸಿರಿಂಜಿಗೆ ಪೈಪ್ ಹಾಕಿ ಎಳೆದು, ಹೊಸದನ್ನು ತೂತಿನ ಅಂಚಿನವರೆಗೆ ತುಂಬಬೇಕು. ಖರೀದಿಗೆ ಮುಂಚೆ ಆ ಪ್ಲಗ್ ಬಿಚ್ಚಿಸಿ ಬೆರಳಿಗೆ ಆಯಿಲ್ ಹಚ್ಚಿಕೊಂಡು ಮೂಸಿ ನೋಡಲಿ. ಸುಟ್ಟ ವಾಸನೆ, ಕಪ್ಪು ಅಂಟು ಬಂದರೆ ಬೆಲೆ ಇಳಿಸಲಿ, ಇಳಿಸದಿದ್ದರೆ ಎದ್ದು ಬರಲಿ.

ಪರ್ಫಾರ್ಮೆನ್ಸ್ ಪ್ಯಾಕೇಜ್ ಇರುವುದನ್ನೇ ಹುಡುಕಲಿ. ಅದರ ಫೈನಲ್ ಡ್ರೈವ್ (ಆಕ್ಸಲ್ ಅನುಪಾತ) 3.16, ಸಾದಾದ್ದು 2.77.

ಶಹಾಪುರ_ಗೇರ್:
ಅಣ್ಣಾರ, ಹಿಮಕ್ಕ ವಿ8ಯೇ ಬೇಕು ಅಂದ್ರ ಚಾರ್ಜರ್ ಆರ್/ಟಿದಾಗ 2012ಕ್ಕ ನಾಕೂ ಗಾಲಿ ಡ್ರೈವ್ ಇರೋ ಮಾದರಿ ಸಿಗ್ತದ, ಅದೇ 5.7 ಹೆಮಿ. ಓಟದಾಗ ಡೆನ್ವರ್‌ನಾಗ ಎಸ್‌ಎಚ್‌ಒ ಹಿಂದೇ ಉಳೀತದ, ಆದ್ರ ಪಿಟಿಯು ಚಿಂತಿ ಇಲ್ಲ. ಯಾವುದೇ ಗಾಡಿ ನೋಡ್ಲಿಕ್ಕೆ ಹೋಗೋ ಮುಂದ ನಿಮ್ಮ ಮಾವನ ಮಗಗ ಒಂದು ಒಬಿಡಿ2 ಸ್ಕ್ಯಾನರ್ (ಗಾಡಿ ಕಂಪ್ಯೂಟರ್‌ನ ದೋಷದ ಕೋಡ್ ಓದೋ ಯಂತ್ರ) ತೊಗೊಂಡು ಹೋಗ್ಲಿಕ್ಕೆ ಹೇಳ್ರಿ. ಕೋಡ್ ಇಲ್ಲ ಅಂತ ತೋರಿಸಿದ್ರೂ ರೆಡಿನೆಸ್ ಮಾನಿಟರ್ (ಕಂಪ್ಯೂಟರ್ ತನ್ನ ತಪಾಸಣಿ ಮುಗಿಸ್ಯಾದೋ ಇಲ್ಲೋ ಅಂತ ತೋರಿಸೋ ಪಟ್ಟಿ) ನೋಡಬೇಕು. ಹೆಚ್ಚಿನವು "ಪೂರ್ತಿ ಆಗಿಲ್ಲ" ಅಂತ ಇದ್ರ ಈಗೀಗ ಯಾರೋ ಕೋಡ್ ಅಳಿಸ್ಯಾರ, ಇಲ್ಲಾ ಬ್ಯಾಟರಿ ಬಿಚ್ಯಾರ. ಕೊಲೊರಾಡೊದಾಗ ಎಮಿಷನ್ ಟೆಸ್ಟ್ ಅದ, ಡೆನ್ವರ್ ಅದರ ಒಳಗೇ ಬರ್ತದ. ಪಾಸ್ ಆದ ಸರ್ಟಿಫಿಕೇಟ್ ಮಾರೋವನ ಕಡೆಯಿಂದ ಮೊದಲು ಕೇಳಿ ತೊಗೊಳ್ಳಲಿ.