ಚಳಿ ಜಾಗದಲ್ಲಿ ಕುದುರೆ ಲಾಯಕ್ಕೆ ಸ್ಟೀಲಾ ಮರಾನಾ? ತಿಳಿದವ್ರು ಸ್ವಲ್ಪ ಹೇಳಿ

ಆರು_ಕುದುರೆ:

ಎಲ್ರಿಗೂ ನಮಸ್ಕಾರ. ಆರು ಕುದುರೆಗೆ ಹೊಸ ಲಾಯ ಕಟ್ಬೇಕು. ಜಾಗ ತುಂಬಾ ಚಳಿ, ರಾತ್ರಿ ಮೈನಸ್ 20 ತನಕ ಇಳಿಯುತ್ತೆ, ಹಿಮ ಬಿದ್ರೆ ವಾರಗಟ್ಲೆ ಮಾಡಿನ ಮೇಲೇ ಕೂತಿರುತ್ತೆ. ಈಗಿರೋದು ಪೂರ್ತಿ ಮರದ ಲಾಯ. ಕೆಳಗಿನ ಹಲಗೆಗಳು ಗಂಜಲ ಕುಡಿದು ಕುಡಿದು ಮೆತ್ತಗಾಗಿವೆ, ಮೇಲಿನ ಅಂಚನ್ನ ಒಂದು ಹೆಣ್ಣು ಕುದುರೆ ಕಡಿದು ಕಡಿದು ಅರ್ಧ ಮಾಡಿಬಿಟ್ಟಿದೆ, ಅದಕ್ಕೆ ಈ ಸಲ ಸ್ಟೀಲ್ ಹಾಕೋಣ ಅಂತ ಮನಸ್ಸಾಗಿದೆ. ಕಟ್ಟೋರು ಕಂಬದಿಂದ ಗೋಡೆ ತನಕ ಎಲ್ಲಾ ಸ್ಟೀಲೇ ಮಾಡಿ ತಲೆನೋವಿರಲ್ಲ ಅಂತಾರೆ, ಕುದುರೆ ಸಾಕೋರು ಕೆಲವರು ಕಬ್ಬಿಣ ಹಾಕಿದ್ರೆ ಒಳಗೆ ಇನ್ನೂ ತಣ್ಣಗಾಗುತ್ತೆ ಕುದುರೆಗೆ ಶೀತ ಹಿಡಿಯುತ್ತೆ ಅಂತಾರೆ. ಇದು ನಿಜಾನಾ? ಆಮೇಲೆ ತುಕ್ಕು, ಒದ್ದಾಗ ಗಾಯ, ಬೆಂಕಿ ಇವೆಲ್ಲದರಲ್ಲಿ ಯಾವುದು ವಾಸಿ? ದುಡ್ಡಿನ ಲೆಕ್ಕ ನಾನು ನೋಡ್ಕೋತೀನಿ, ಕುದುರೆಗೆ ಯಾವುದು ಒಳ್ಳೇದು ಅಷ್ಟು ಹೇಳಿ.

ಲದ್ದಿ_ಬಾಚೋಳು:

ಮೊದಲು ಆ ಶೀತದ ಭಯ ಬಿಡಿ. ಚಳಿಗೆ ಒಗ್ಗಿಕೊಂಡು ದಪ್ಪ ಕೂದಲು ಬಂದಿರೋ ದೊಡ್ಡ ಕುದುರೆಗೆ ಗಾಳಿ ಮಳೆ ತಗಲದೇ ಮೈ ಒಣಗಿದ್ರೆ ಮೈನಸ್ 15ರ ಹತ್ತಿರದ ತನಕ ಮೈ ಬಿಸಿ ಇಟ್ಕೊಳ್ಳೋಕೆ ಹೆಚ್ಚುವರಿ ಶ್ರಮನೇ ಬೇಕಾಗಲ್ಲ. ಸೈಬೀರಿಯಾದ ಯಾಕುಟಿಯಾ ಕಡೆ ಕುದುರೆಗಳು ಮೈನಸ್ 50ರಲ್ಲೂ ಬಯಲಲ್ಲೇ ಇರುತ್ವೆ, ಗೊರಸಲ್ಲಿ ಹಿಮ ಕೆರೆದು ಹುಲ್ಲು ತಿನ್ನುತ್ವೆ. ಎಲ್ಲಾ ತಳಿನೂ ಹಾಗಿರಲ್ಲ ಒಪ್ತೀನಿ, ಮರಿಗಳು, ಮುದಿ ಕುದುರೆಗಳು, ಕೂದಲು ಕತ್ತರಿಸಿರೋ ಕುದುರೆಗಳ ಲೆಕ್ಕನೇ ಬೇರೆ. ಆದ್ರೂ ಕುದುರೆ ಹೊಟ್ಟೇಲಿ ಒಣಹುಲ್ಲು ಹುಳಿಯೋವಾಗ ಹುಟ್ಟೋ ಕಾವಿದ್ಯಲ್ಲ, ಅದೇ ಅದರ ಒಲೆ. ಚಳಿ ರಾತ್ರೀಲಿ ಹುಲ್ಲು ಜಾಸ್ತಿ ಹಾಕಿ, ಗೋಡೆ ಬಗ್ಗೆ ಆಮೇಲೆ ಯೋಚಿಸಿ.

ಕುದುರೆನ ನಿಜವಾಗಿ ಕೆಡಿಸೋದು ತೇವ, ಅದರ ಜೊತೆಗೆ ಅಮೋನಿಯಾ. ಒಂದು ಕುದುರೆ ಉಸಿರು ಮೈಯಿಂದ ದಿನಕ್ಕೆ ಏಳೆಂಟು ಲೀಟರ್ ನೀರನ್ನ ಆವಿ ಮಾಡಿ ಗಾಳಿಗೆ ಬಿಡುತ್ತೆ, ಆರು ಕುದುರೆ ಅಂದ್ರೆ ಎಷ್ಟಾಯ್ತು ನೋಡಿ, ಮೇಲೆ ಗಂಜಲ ಬೇರೆ. ಚಳಿ ಅಂತ ಕಿಟಕಿ ಬಾಗಿಲು ಸಂದು ಎಲ್ಲಾ ಮುಚ್ಚಿ ಇಟ್ರೆ ಬೆಳಿಗ್ಗೆ ಹೋಗಿ ಬಾಗಿಲು ತೆಗೆದಾಗ ಕಣ್ಣು ಉರಿಯುತ್ತೆ, ಆ ಗಾಳಿನ ಕುದುರೆ ಇಡೀ ರಾತ್ರಿ ಎಳ್ಕೊಂಡಿರುತ್ತೆ. ನಮ್ಮ ಮೂಗು ಐದಡಿ ಮೇಲಿದೆ, ಮಲಗಿದ ಕುದುರೆ ಮೂಗು ಹಾಸಿಗೆ ಪಕ್ಕದಲ್ಲೇ ಇರುತ್ತೆ, ಅಮೋನಿಯಾ ಹುಟ್ಟೋದೇ ಅಲ್ಲಿ. ಕೆಮ್ಮು, ಮೇಲುಸಿರು, ಕೊನೆಗೆ ಕುದುರೆ ಆಸ್ತಮಾ, ಇವಕ್ಕೆಲ್ಲಾ ದಾರಿ ಮುಚ್ಚಿದ ಲಾಯದಲ್ಲೇ ತೆರೆಯೋದು. ಚಳಿಗಾಲದಲ್ಲೂ ಒಳಗಿನ ಗಾಳಿ ಗಂಟೆಗೆ ಕಡಿಮೆ ಅಂದ್ರೂ ನಾಲ್ಕರಿಂದ ಎಂಟು ಸಲ ಪೂರ್ತಿ ಬದಲಾಗಬೇಕು. ಒಳಗೂ ಹೊರಗೂ ಕೆಲವೇ ಡಿಗ್ರಿ ವ್ಯತ್ಯಾಸ ಇದ್ರೆ ಅದು ಒಳ್ಳೇ ಲಾಯ ಅಂತ ನನ್ನ ಅಭಿಪ್ರಾಯ. ನೀವು ಹಾಕೋ ಸ್ವೆಟರ್ ಲೆಕ್ಕದಲ್ಲಿ ಕುದುರೆ ಚಳಿ ಅಳೀಬೇಡಿ.

ಬೆಸುಗೆ_ಕೈ:

ಮೇಲಿನವರು ಹೇಳಿದ್ದು ನೂರಕ್ಕೆ ನೂರು. ಆದ್ರೆ ಸ್ಟೀಲ್ ಹಾಕ್ತೀರಾ ಅಂದ್ರೆ ಆ ತೇವನೇ ನಿಮ್ಮ ಮೊದಲ ಸಮಸ್ಯೆ. ಸ್ಟೀಲ್ ಮೆದು ಮರಕ್ಕಿಂತ ಸುಮಾರು 400 ಪಟ್ಟು ಜಾಸ್ತಿ ಶಾಖ ದಾಟಿಸುತ್ತೆ, ಹಾಗಾಗಿ ಬರೀ ಶೀಟ್ ಮಾಡು ಹಾಕಿದ್ರೆ ಒಳಗಿನ ಮುಖನೂ ಹೊರಗಿನಷ್ಟೇ ತಣ್ಣಗಿರುತ್ತೆ, ಕುದುರೆ ಉಸಿರಿನ ಆವಿ ಹೋಗಿ ತಗಲಿ ಶೀಟ್ ಬೆವರುತ್ತೆ, ರಾತ್ರಿ ಅದು ಹೆಪ್ಪುಗಟ್ಟಿ ಬೆಳಿಗ್ಗೆ ಬಿಸಿಲು ಬಿದ್ದಾಗ ಒಳಗೇ ಮಳೆ ಸುರಿಯುತ್ತೆ. ಹಾಸಿಗೆ ಒದ್ದೆ, ಹುಲ್ಲು ಒದ್ದೆ, ಕುದುರೆ ಬೆನ್ನೂ ಒದ್ದೆ. ಕಬ್ಬಿಣದ ಲಾಯದಲ್ಲಿ ಕುದುರೆಗೆ ಶೀತ ಅಂತ ಹೇಳೋರು ನೋಡಿರೋದು ಇದನ್ನೇ ಇರಬೇಕು.

ಆದ್ರೂ ಎಲುಬುಗೂಡಿಗೆ ಸ್ಟೀಲೇ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಹಿಮದ ಭಾರ ಲೆಕ್ಕ ಹಾಕಿ, ಕೂತು ಗಟ್ಟಿಯಾದ ಹಿಮ ಒಂದು ಘನ ಮೀಟರಿಗೆ 200ರಿಂದ 300 ಕೆಜಿ ಬರುತ್ತೆ, ಬರೀ ಒಂದಡಿ ದಪ್ಪ ಕೂತ್ರೂ ಚದರ ಮೀಟರಿಗೆ 75 ಕೆಜಿ ಆಸುಪಾಸು, ಮೇಲೆ ಮಳೆ ಬಿದ್ರೆ ಇನ್ನೂ ಜಾಸ್ತಿ. ಇಷ್ಟು ಹೊತ್ಕೊಂಡು ಮಧ್ಯ ಕಂಬ ಇಲ್ದೆ ಹತ್ತು ಹನ್ನೆರಡು ಮೀಟರ್ ಅಗಲ ದಾಟೋದು ಸ್ಟೀಲ್ ಫ್ರೇಮಿಗೆ ದೊಡ್ಡ ಮಾತಲ್ಲ, ಮರದಲ್ಲಿ ಮಾಡೋಕಾಗಲ್ಲ ಅಂತಲ್ಲ ಆದ್ರೆ ತೊಲೆ ದಪ್ಪ ಆಗ್ತಾ ಹೋಗುತ್ತೆ. ಮಧ್ಯ ಕಂಬ ಇಲ್ಲ ಅಂದ್ರೆ ನಾಳೆ ಒಂದು ಗೂಡು (ಒಂದೊಂದು ಕುದುರೆ ನಿಲ್ಲೋ ಕೋಣೆ) ತೆಗೆದು ಮರಿ ಹಾಕೋ ಕುದುರೆಗೆ ದೊಡ್ಡದು ಮಾಡೋದೂ ಸುಲಭ.

ಎರಡು ವಿಷಯ ಕಟ್ಟೋರ ಹತ್ರ ಬರೆಸ್ಕೊಳ್ಳಿ. ಸ್ಟೀಲಿನ ದರ್ಜೆ ಕೇಳಿ, ಎಸ್355 ಅಂತ ಮಾತ್ರ ಹೇಳಿದ್ರೆ ಸಾಲದು, ಹಿಂದೆ ಇರೋ ಅಕ್ಷರ ಮುಖ್ಯ. ಜೆಆರ್ ಅಂದ್ರೆ ಹೊಡೆತ ತಡೆಯೋ ಪರೀಕ್ಷೆ 20 ಡಿಗ್ರಿ ಬೆಚ್ಚಗಿನಲ್ಲಿ ಮಾಡಿರೋದು, ಜೆ0 ಅಂದ್ರೆ ಸೊನ್ನೆಯಲ್ಲಿ, ಜೆ2 ಅಂದ್ರೆ ಮೈನಸ್ 20ರಲ್ಲಿ. ತೆಳು ಭಾಗಗಳಿಗೆ ಅಷ್ಟು ಚಿಂತೆ ಇಲ್ಲ, ಬೆಸುಗೆ ಹಾಕಿದ ದಪ್ಪ ಪ್ಲೇಟು, ಬೇಸ್ ಪ್ಲೇಟು ಇಂಥವಕ್ಕೆ ಚಳೀಲಿ ಸ್ಟೀಲ್ ಪೆಡಸಾಗೋ ಗುಣ ನೆನಪಲ್ಲಿ ಇಟ್ಕೊಂಡು ಜೆ2 ಕೇಳಿ. ಇನ್ನೊಂದು ಜಿಂಕ್. ಕಂಬ ಕತ್ತರಿಸಿ, ತೂತು ಕೊರೆದು, ಬೆಸುಗೆ ಎಲ್ಲಾ ಮುಗಿದ ಮೇಲೆ ಕರಗಿದ ಜಿಂಕಿನಲ್ಲಿ ಮುಳುಗಿಸಿರೋದು ಬೇಕು, 6 ಮಿಮೀಗಿಂತ ದಪ್ಪ ಸ್ಟೀಲ್ ಆದ್ರೆ ಹಾಗೆ ಸರಾಸರಿ 85 ಮೈಕ್ರಾನ್ ಪದರ ಕೂರುತ್ತೆ. ಅಂಗಡೀಲಿ ಸಿಗೋ ಝಡ್275 ಅನ್ನೋ ಜಿಂಕ್ ಲೇಪದ ಶೀಟಲ್ಲಿ ಒಂದೊಂದು ಬದಿಗೆ ಬರೀ 20 ಮೈಕ್ರಾನ್ ಇರೋದು, ಗಂಜಲ ತಗಲೋ ಜಾಗದಲ್ಲಿ ಅದು ಎಷ್ಟು ದಿನ ತಡೆಯುತ್ತೆ? ಕಂಬದ ಬುಡ ನೆಲದಿಂದ ಒಂದಡಿ ಎತ್ತರದ ಕಾಂಕ್ರೀಟ್ ಕಟ್ಟೆ ಮೇಲೆ ನಿಲ್ಲಿಸಿಬಿಡಿ, ಲದ್ದಿ ಗಂಜಲ ಮುಟ್ಟೋದೇ ಬೇಡ. ಅಡಿಪಾಯ ನೆಲ ಹೆಪ್ಪುಗಟ್ಟೋ ಆಳಕ್ಕಿಂತ ಕೆಳಗೆ ಹೋಗ್ಬೇಕು, ಇಲ್ಲಾಂದ್ರೆ ಚಳಿಗಾಲಕ್ಕೊಮ್ಮೆ ಕಂಬ ಮೇಲೆದ್ದು ಬಾಗಿಲು ಕಚ್ಕೊಳ್ಳುತ್ತೆ.

ಹಲಗೆ_ಪ್ರೇಮಿ:

ನಾನು ಮರದ ಪರ ಮಾತಾಡ್ಲೇಬೇಕು. ಮರ ತೇವನ ಸ್ವಲ್ಪ ಕುಡಿದು ಆಮೇಲೆ ಬಿಡುತ್ತೆ, ಒಳಮುಖ ಅಷ್ಟು ತಣ್ಣಗಾಗಲ್ಲ, ಹನಿ ಬೀಳೋದು ಕಡಿಮೆ. ನಿಮ್ಮ ಹಳೇ ಹಲಗೆ ಕೊಳೆತಿದ್ದು ಮರದ ತಪ್ಪಲ್ಲ, ಹಲಗೆನ ನೆಲಕ್ಕೆ ತಾಗಿಸಿ ಹೊಡೆದಿರ್ತಾರೆ. ಮರದೊಳಗೆ ತೇವ ಶೇಕಡ 20ರ ಒಳಗಿದ್ರೆ ಶಿಲೀಂಧ್ರ ಹಿಡಿಯಲ್ಲ, ಕೆಳಗೆ ಎರಡು ಇಂಚು ಬಿಟ್ಟು ಗಾಳಿ ಆಡೋ ಹಾಗೆ ಹೊಡೆದಿದ್ರೆ ಇವತ್ತಿಗೂ ಗಟ್ಟಿ ಇರೋವು.

ಒದೆತದ ವಿಷಯಕ್ಕೆ ಬರ್ತೀನಿ, ಇದು ನನಗೆ ಎಲ್ಲಕ್ಕಿಂತ ಮುಖ್ಯ. ತೆಳು ಸ್ಟೀಲ್ ಶೀಟಿಗೆ ಲಾಳ ಹಾಕಿದ ಕುದುರೆ ಹಿಂಗಾಲಲ್ಲಿ ಒದ್ರೆ ಶೀಟ್ ಹರಿಯುತ್ತೆ, ಕಾಲು ಆಚೆ ಹೋಗುತ್ತೆ, ವಾಪಸ್ ಎಳ್ಕೊಳ್ಳೋವಾಗ ಆ ಅಂಚು ಚರ್ಮ ಮಾಂಸ ಸ್ನಾಯು ಎಲ್ಲಾ ಸೀಳುತ್ತೆ. ಸ್ನಾಯುರಜ್ಜು ಕತ್ತರಿಸಿ ಹೋದ್ರೆ ಆ ಕುದುರೆ ಕಥೆ ಮುಗೀತು. ಆದ್ದರಿಂದ ಕುದುರೆ ಕಾಲು ಎಟುಕೋ ಜಾಗದಲ್ಲಿ ಬರೀ ಶೀಟ್ ಇರಲೇಕೂಡದು, ನೆಲದಿಂದ ಐದಡಿ ತನಕ ಎರಡಿಂಚು ದಪ್ಪದ ಹಲಗೆ ಬೇಕೇ ಬೇಕು. ಮರ ಒದೆ ತಿಂದು ಸ್ವಲ್ಪ ಬಗ್ಗುತ್ತೆ, ಕಾಲಿನ ಮೂಳೆಗೂ ಅದೇ ವಾಸಿ. ಹೊರಗಿನ ಗೋಡೆ ಸ್ಟೀಲಾದ್ರೂ ಪರವಾಗಿಲ್ಲ, ಅದರ ಒಳಗೆ ಹಲಗೆ ಇರಲಿ.

ಬೆಂಕಿ ಬಗ್ಗೆ, ಸ್ಟೀಲ್ ಸುಡಲ್ಲ ಅಂತ ಧೈರ್ಯವಾಗಿ ಇರೋರನ್ನ ಕಂಡ್ರೆ ನನಗೆ ಭಯ ಆಗುತ್ತೆ. 600 ಡಿಗ್ರಿ ಹತ್ತಿರ ಸ್ಟೀಲ್ ತನ್ನ ಅರ್ಧಕ್ಕಿಂತ ಜಾಸ್ತಿ ಬಲ ಕಳ್ಕೊಂಡು ಜೋತು ಬೀಳುತ್ತೆ. ದಪ್ಪ ತೊಲೆ ನಿಮಿಷಕ್ಕೆ 0.7-0.8 ಮಿಮೀ ಲೆಕ್ಕದಲ್ಲಿ ನಿಧಾನಕ್ಕೆ ಇದ್ದಿಲಾಗುತ್ತೆ, ಒಳಗಿನ ಮರ ಭಾರ ಹೊತ್ಕೊಂಡೇ ಇರುತ್ತೆ. ಅದಕ್ಕಿಂತ ಮುಂಚೆ ಹೊಗೆ. ಲಾಯದಲ್ಲಿ ಮೊದಲು ಹತ್ತೋದು ಹುಲ್ಲು ಮತ್ತೆ ಹಾಸಿಗೆ, ಕುದುರೆ ಸಾಯೋದು ಆ ಹೊಗೇಲಿ, ಗೋಡೆ ಯಾವುದರದ್ದಾದ್ರೂ ಅಷ್ಟೇ. ಹುಲ್ಲಿನ ಮೆದೆ ಬೇರೆ ಕಟ್ಟಡದಲ್ಲಿರಲಿ, ಸರಿಯಾಗಿ ಒಣಗದ ಹುಲ್ಲು ತಾನಾಗೇ ಕಾವೇರಿ ಹತ್ಕೊಳ್ಳುತ್ತೆ. ಒಂದೊಂದು ಗೂಡಿಗೂ ಹೊರಗೆ ನೇರವಾಗಿ ತೆರೆಯೋ ಬಾಗಿಲು ಇಡಿ, ಮಧ್ಯದ ಓಣಿ ಹೊಗೆ ತುಂಬಿದ್ರೆ ಕುದುರೆ ಹೊರಗೆ ಹೋಗೋಕೆ ಅದೊಂದೇ ದಾರಿ. ಸ್ಟೀಲಾ ಮರಾನಾ ಅನ್ನೋದಕ್ಕಿಂತ ನೂರು ಪಾಲು ದೊಡ್ಡ ನಿರ್ಧಾರ ಇದು.

ಆರು_ಕುದುರೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಹಾಗಾದ್ರೆ ಫ್ರೇಮ್ ಸ್ಟೀಲು, ಒಳಗೆ ಕುದುರೆ ಮುಟ್ಟೋ ಕಡೆ ಹಲಗೆ ಅಂತ ಇಟ್ಕೋತೀನಿ. ಎರಡು ಡೌಟು. ಮಾಡಿನ ಶೀಟ್ ಬೆವರದ ಹಾಗೆ ಏನು ಮಾಡ್ಬೇಕು? ಆಮೇಲೆ ಆ ಕಡಿಯೋ ಕುದುರೆಗೆ ಏನು ದಾರಿ, ಹೊಸ ಹಲಗೆನೂ ತಿಂದು ಹಾಕುತ್ತಲ್ಲ?

ಬೆಸುಗೆ_ಕೈ:

ಮಾಡಿಗೆ ಎರಡು ಶೀಟಿನ ಮಧ್ಯ ಗಟ್ಟಿ ಫೋಮ್ ಇರೋ ಸ್ಯಾಂಡ್‌ವಿಚ್ ಪ್ಯಾನೆಲ್ ಹಾಕಿ, ಐದು ಸೆಂಟಿಮೀಟರ್ ಪಿಐಆರ್ ಅನ್ನೋ ಆ ಗಟ್ಟಿ ಫೋಮು ಅಷ್ಟೇ ದಪ್ಪದ ಮರಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಶಾಖ ತಡೆಯುತ್ತೆ. ಇದು ಲಾಯ ಬೆಚ್ಚಗೆ ಮಾಡೋಕಲ್ಲ, ಒಳಗಿನ ಮುಖ ಇಬ್ಬನಿ ಕೂರದಷ್ಟು ಬೆಚ್ಚಗಿರಲಿ ಅಂತ ಅಷ್ಟೇ. ಬೇರೆ ಬೇರೆ ಪದರ ಹಾಕಿ ಕಟ್ಟೋದಾದ್ರೆ ಆವಿ ತಡೆಯೋ ಹಾಳೆ ಒಳಬದಿಗೆ, ಅಂದ್ರೆ ಕುದುರೆ ಬದಿಗೆ ಇರಬೇಕು, ತಿರುವು ಮುರುವು ಹಾಕಿದ್ರೆ ನೀರು ಶಾಖ ತಡೆಯೋಕೆ ತುಂಬಿದ ಉಣ್ಣೆ ಒಳಗೇ ನಿಂತು ಕಾಣದ ಹಾಗೆ ತುಕ್ಕು ಹಿಡಿಸುತ್ತೆ. ಪರ್ಲಿನ್ (ಮಾಡಿನ ಶೀಟ್ ಹೊರೋ ಅಡ್ಡ ಪಟ್ಟಿ) ಮತ್ತೆ ಹೊರಗಿನ ಶೀಟು ನೇರ ಮುಟ್ಟೋ ಜಾಗದಲ್ಲೆಲ್ಲಾ ಚಳಿ ಒಳಗೆ ದಾಟುತ್ತೆ, ಅಲ್ಲೇ ಸಾಲಾಗಿ ಹನಿ ಕೂರುತ್ತೆ, ಮಧ್ಯ ಶಾಖ ದಾಟದ ಒಂದು ತಡೆ ಪಟ್ಟಿ ಕೇಳಿ. ಬರೀ ಉಣ್ಣೆ ಅಥವಾ ಬರೀ ಫೋಮ್ ಕಾಣೋ ಹಾಗೆ ಬಿಡಬೇಡಿ, ಇಲಿ ಗೂಡು ಕಟ್ಟುತ್ತೆ, ಹಕ್ಕಿ ಕುಕ್ಕುತ್ತೆ.

ಇಷ್ಟೆಲ್ಲಾ ಮಾಡಿದ್ರೂ ಗಾಳಿ ಹೋಗೋ ದಾರಿ ಇಲ್ಲಾಂದ್ರೆ ವೇಸ್ಟು. ಮಾಡಿನ ನೆತ್ತಿ ಉದ್ದಕ್ಕೂ ಸಂದು ಬಿಡಿ, ಕಟ್ಟಡದ ಅಗಲ ಹತ್ತಡಿಗೆ ಒಂದಿಂಚು ಲೆಕ್ಕ, 36 ಅಡಿ ಅಗಲ ಆದ್ರೆ ಮೂರೂವರೆ ಇಂಚು ಚಿಲ್ಲರೆ. ಎರಡೂ ಕಡೆ ಸೂರಿನ ಕೆಳಗಿನ ಸಂದುಗಳು ಸೇರಿ ಕನಿಷ್ಠ ಅಷ್ಟೇ ಇರಲಿ. ಚಳಿ ಹೆಚ್ಚಾದಾಗ ಯಾರೋ ಬಂದು ಅದನ್ನ ಗೋಣಿಚೀಲ ತುರುಕಿ ಮುಚ್ತಾರೆ, ಬಿಡಬೇಡಿ.

ಉದ್ದನೂ ನೋಡ್ಕೊಳ್ಳಿ, 30 ಮೀಟರ್ ಉದ್ದದ ಸ್ಟೀಲ್ ಬೇಸಿಗೆ 30 ಡಿಗ್ರಿಯಿಂದ ಮೈನಸ್ 20ಕ್ಕೆ ಇಳಿದಾಗ 18 ಮಿಮೀ ಕುಗ್ಗುತ್ತೆ, ಹಲಗೆ ಉದ್ದಕ್ಕೆ ಅಷ್ಟು ಕುಗ್ಗಲ್ಲ. ಎರಡನ್ನೂ ಬಿಗಿಯಾಗಿ ಬೋಲ್ಟ್ ಹೊಡೆದ್ರೆ ಯಾವುದೋ ಒಂದು ಸೀಳುತ್ತೆ. ಸ್ಟೀಲ್ ಚಾನೆಲ್ ನಿಲ್ಲಿಸಿ ಹಲಗೆಗಳನ್ನ ಮೇಲಿಂದ ಒಂದೊಂದಾಗಿ ಇಳಿಬಿಡಿ, ಒಂದು ಮುರಿದ್ರೆ ಅದನ್ನಷ್ಟೇ ಬದಲಾಯಿಸಬಹುದು.

ಹಲಗೆ_ಪ್ರೇಮಿ:

ಕಡಿಯೋ ಕುದುರೆಗೆ ಹಲಗೆಯ ಮೇಲಂಚಿಗೆ ಸ್ಟೀಲ್ ಆಂಗಲ್ ಕವಚ ಹಾಕಿ, ಅಂಚು ದುಂಡಗೆ ಉಜ್ಜಿಸಿ. ಬರೀ ಲೋಹ ಬಿಡದೆ ಗಟ್ಟಿ ಬಣ್ಣ ಹೊಡೆಸಿ, ಚಳೀಲಿ ಒದ್ದೆ ತುಟಿ ನಾಲಿಗೆ ಬರೀ ಲೋಹಕ್ಕೆ ಅಂಟ್ಕೊಳ್ಳುತ್ತೆ, ಕಡಿವಾಣನ ಬೆಚ್ಚಗೆ ಮಾಡಿ ಹಾಕೋದೂ ಇದೇ ಕಾರಣಕ್ಕೆ. ಆದ್ರೆ ಕಡಿಯೋದು ಮರದ ರುಚಿಗಲ್ಲ, ಹುಲ್ಲು ಸಾಲ್ತಿಲ್ಲ ಅಥವಾ ದಿನವಿಡೀ ಒಂಟಿಯಾಗಿ ನಿಂತು ಬೇಜಾರಾಗಿದೆ ಅಂತ, ಅದನ್ನೂ ನೋಡಿ. ಹಲಗೆಗೆ ಕ್ರಿಯೋಸೋಟ್ (ಮರ ಕೊಳೀದಂತೆ ಬಳಿಯೋ ಟಾರ್ ಎಣ್ಣೆ) ಬಳೀಬೇಡಿ, ಕಡಿಯೋ ಕುದುರೆಗೆ ಅದು ವಿಷ. ತಾಮ್ರದ ಔಷಧಿ ಕುಡಿಸಿದ ಮರನೂ ಸ್ಟೀಲ್ ಚಾನೆಲ್ ಒಳಗೆ ಬೇಡ, ತೇವ ಸೇರಿದ್ರೆ ಆ ತಾಮ್ರ ಜಿಂಕನ್ನ ಬೇಗ ತಿನ್ನುತ್ತೆ. ಹಾಸಿಗೆಗೆ ಮರದ ಹೊಟ್ಟು ತರೋವಾಗ ಕಪ್ಪು ವಾಲ್‌ನಟ್ ಸೇರಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ, ಅದರಿಂದ ಗೊರಸಿನ ಉರಿಯೂತ ಬರುತ್ತೆ.

ಮೇಲಿನ ಜಾಲರಿಗೆ ಮಾತ್ರ ಸ್ಟೀಲೇ ಸರಿ, ಗಾಳಿ ಆಡುತ್ತೆ, ಪಕ್ಕದ ಕುದುರೆ ಕಾಣುತ್ತೆ. ಸರಳಿನ ಮಧ್ಯ ಮೂರಿಂಚಿಗಿಂತ ಜಾಸ್ತಿ ಬೇಡ, ಗೊರಸು ಸಿಕ್ಕಿಕೊಳ್ಳಬಾರದು.

ಲದ್ದಿ_ಬಾಚೋಳು:

ಯಾರೂ ಹೇಳದ ಎರಡು ಮಾತು ಸೇರಿಸ್ತೀನಿ. ನುಣುಪು ಶೀಟಿನ ಮಾಡಿಂದ ಹಿಮ ಒಟ್ಟಿಗೆ ಧಡ್ ಅಂತ ಜಾರುತ್ತೆ, ಕೆಳಗೆ ಬಾಗಿಲಿದ್ರೆ ಕುದುರೆ ಮೇಲೋ ನಿಮ್ಮ ಮೇಲೋ ಬೀಳುತ್ತೆ, ಆ ಸದ್ದಿಗೇ ಹೊಸ ಕುದುರೆಗಳು ಹೆದರಿ ಗೋಡೆಗೆ ಹಾರುತ್ವೆ. ಗೂಡಿನ ಹೊರಬಾಗಿಲು ಸೂರಿನ ಕಡೆಗೇ ಬರೋದ್ರಿಂದ ಆ ಉದ್ದಕ್ಕೂ ಮಾಡಿನ ಮೇಲೆ ಹಿಮ ತಡೆಯೋ ಪಟ್ಟಿ ಹಾಕಿಸಿ.

ಇನ್ನೊಂದು ಕರೆಂಟು. ಚಳೀಲಿ ನೀರು ಹೆಪ್ಪುಗಟ್ಟಬಾರದು ಅಂತ ಹೀಟರ್ ಇರೋ ತೊಟ್ಟಿ ಇಡ್ತೀರಿ, ಇಡೀ ಕಟ್ಟಡ ಸ್ಟೀಲು, ನೆಲ ಒದ್ದೆ, ಕಾಲಿಗೆ ಲಾಳ. ನಮಗೆ ಗೊತ್ತೇ ಆಗದಷ್ಟು ಸಣ್ಣ ಸೋರಿಕೆನೂ ಕುದುರೆಗೆ ಜುಮ್ ಅನ್ನುತ್ತೆ, ಆಮೇಲೆ ಅದು ಆ ತೊಟ್ಟೀಲಿ ನೀರೇ ಕುಡಿಯಲ್ಲ, ಚಳಿಗಾಲದಲ್ಲಿ ನೀರು ಕಡಿಮೆ ಆದ್ರೆ ಹೊಟ್ಟೆ ಕಟ್ಟಿ ಕೋಲಿಕ್, ಅಂದ್ರೆ ಜೋರು ಹೊಟ್ಟೆನೋವು. ಫ್ರೇಮ್, ಜಾಲರಿ, ತೊಟ್ಟಿ, ನೆಲದ ಕಾಂಕ್ರೀಟ್ ಒಳಗಿನ ಕಂಬಿ ಎಲ್ಲಾ ಒಂದಕ್ಕೊಂದು ಜೋಡಿಸಿ ಅರ್ತಿಂಗ್ ಮಾಡಿಸಿ, ಸೋರಿಕೆ ಕಂಡ ತಕ್ಷಣ ಕರೆಂಟ್ ಕಡಿಯೋ ಸ್ವಿಚ್ ಹಾಕಿಸಿ. ಕಾಂಕ್ರೀಟ್ ಹಾಕೋಕೆ ಮುಂಚೆನೇ ಎಲೆಕ್ಟ್ರಿಷಿಯನ್ನ ಕರೀರಿ, ಆಮೇಲೆ ನೆಲದ ಕಂಬಿ ಕೈಗೆ ಸಿಗಲ್ಲ.

ಆರು_ಕುದುರೆ:

ಕಾಂಕ್ರೀಟ್ ಇನ್ನೂ ಹಾಕಿಲ್ಲ, ಎಲೆಕ್ಟ್ರಿಷಿಯನ್ ಜೊತೆ ನಾಳೆನೇ ಮಾತಾಡ್ತೀನಿ. ಹೊರಬಾಗಿಲು ಪ್ಲಾನಲ್ಲಿ ಇರ್ಲೇ ಇಲ್ಲ, ಪ್ರತಿ ಗೂಡಿಗೂ ಒಂದೊಂದು ಹಾಕ್ಸಿ ಹೊಸ ನಕ್ಷೆ ಬರೆಸ್ತೀನಿ, ಬಂದ ಮೇಲೆ ಇಲ್ಲೇ ಹಾಕ್ತೀನಿ, ಒಂದ್ಸಲ ನೋಡಿ ಹೇಳಿ.