ಹೊಲಿಗೆ ಘಟಕದ ಕಾರ್ಮಿಕರೊಬ್ಬರಿಗೆ ಸ್ತನ ಕ್ಯಾನ್ಸರ್: ಮಾಲೀಕನಾಗಿ ನಾನೇನು ಮಾಡಬೇಕು?

ಪ್ರಶ್ನೆ: ಘಟಕದ ಮಾಲೀಕ, ಪೀಣ್ಯ

ಮಾನ್ಯರೇ, ನನ್ನ ಸಿದ್ಧ ಉಡುಪಿನ ಘಟಕದಲ್ಲಿ 38 ಮಂದಿ ಕೆಲಸ ಮಾಡುತ್ತಾರೆ. ಒಂಬತ್ತು ವರ್ಷಗಳಿಂದ ಟೈಲರ್ ಆಗಿರುವ ಮಹಿಳೆಯೊಬ್ಬರಿಗೆ ಸ್ತನ ಕ್ಯಾನ್ಸರ್ ಇರುವುದು ಕಳೆದ ವಾರ ಖಚಿತವಾಯಿತು. ಮೊದಲು ಶಸ್ತ್ರಚಿಕಿತ್ಸೆ, ಆಮೇಲೆ ಕಿಮೋ ಎಂದು ವೈದ್ಯರು ತಿಳಿಸಿದ್ದಾರೆ. ಲೆಕ್ಕ ಚುಕ್ತಾ ಮಾಡಿ, ಮೇಲೆ ಎರಡು ತಿಂಗಳ ಸಂಬಳ ಕೊಟ್ಟು ಗೌರವದಿಂದ ಕಳುಹಿಸಿಕೊಡೋಣ, ಮನೆಯಲ್ಲಿ ವಿಶ್ರಾಂತಿ ಪಡೆಯಲಿ ಎನ್ನುವುದು ನನ್ನ ಪಾಲುದಾರರ ಅಭಿಪ್ರಾಯ. ಅದು ಕೆಟ್ಟ ಮನಸ್ಸಿನಿಂದ ಬಂದ ಮಾತಲ್ಲ, ಆದರೂ ನನ್ನ ಮನಸ್ಸು ಒಪ್ಪುತ್ತಿಲ್ಲ. ಅವರ ಸಂಬಳ ತಿಂಗಳಿಗೆ 15,000 ರೂಪಾಯಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ವಂತಿಗೆ ತಪ್ಪದೆ ಕಟ್ಟಿದ್ದೇವೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಕಾರ್ಮಿಕ ಕಲ್ಯಾಣಾಧಿಕಾರಿ

ದಯವಿಟ್ಟು ಲೆಕ್ಕ ಚುಕ್ತಾ ಮಾಡಬೇಡಿ. ಕಾಯಿಲೆ ಭತ್ಯೆ ಪಡೆಯುತ್ತಿರುವ ಕಾರ್ಮಿಕರನ್ನು ಆ ಅವಧಿಯಲ್ಲಿ ವಜಾ ಮಾಡಕೂಡದೆಂದು 2025ರವರೆಗೆ ಜಾರಿಯಲ್ಲಿದ್ದ 1948ರ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್ನಿನಲ್ಲೇ ಬರೆದಿತ್ತು. ಸಾಮಾನ್ಯ ಕಾಯಿಲೆಗೆ ವರ್ಷಕ್ಕೆ 91 ದಿನ, ಸಂಬಳದ ಶೇ. 70ರಷ್ಟು ಭತ್ಯೆ ಸಿಗುತ್ತದೆ. ಕ್ಯಾನ್ಸರ್ ದೀರ್ಘಕಾಲೀನ ರೋಗಗಳ ಪಟ್ಟಿಯಲ್ಲಿರುವುದರಿಂದ, ಎರಡು ವರ್ಷ ಸತತ ಸೇವೆ ಮತ್ತು ವಂತಿಗೆಯ ಷರತ್ತು ಪೂರೈಸಿದವರಿಗೆ ಆನಂತರವೂ ಶೇ. 80ರ ದರದಲ್ಲಿ ವಿಸ್ತರಿತ ಭತ್ಯೆ ದೊರೆಯುತ್ತದೆ. ವೈದ್ಯಕೀಯ ಶಿಫಾರಸಿನ ಮೇಲೆ ಅದನ್ನು ಎರಡು ವರ್ಷದವರೆಗೆ ಮುಂದುವರಿಸಲು ಅವಕಾಶವಿದೆ. ಚಿಕಿತ್ಸೆಯ ವೆಚ್ಚವೂ ಇಎಸ್‌ಐ ವ್ಯಾಪ್ತಿಗೇ ಬರುತ್ತದೆ. ನೀವು ಗೌರವದಿಂದ ಕಳುಹಿಸಿಕೊಟ್ಟರೆ ಇಷ್ಟೆಲ್ಲ ಆಸರೆಗೆ ಧಕ್ಕೆ ಬರಬಹುದು. ಕೈಗೆ ಬಂದ ಎರಡು ತಿಂಗಳ ಸಂಬಳ ಎರಡೇ ತಿಂಗಳಲ್ಲಿ ಮುಗಿದುಹೋಗುತ್ತದೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಉಳಿಯಲಿ, ವೈದ್ಯರ ಪ್ರಮಾಣಪತ್ರಗಳು ಇಎಸ್‌ಐ ಡಿಸ್ಪೆನ್ಸರಿಗೂ ಇಎಸ್‌ಐ ಶಾಖಾ ಕಚೇರಿಗೂ ಸಕಾಲಕ್ಕೆ ತಲುಪುವಂತೆ ನಿಮ್ಮ ಗುಮಾಸ್ತರೇ ನೋಡಿಕೊಳ್ಳಲಿ. ಕಿಮೋ ಮುಗಿಸಿ ಬಂದವರನ್ನು ಕಾಗದಕ್ಕಾಗಿ ಮೂರು ಬಾರಿ ಅಲೆದಾಡಿಸಿದ ಮಾಲೀಕರನ್ನು ನಾನು ಕಂಡಿದ್ದೇನೆ. ಆ ನೋವನ್ನು ಇಂದಿಗೂ ಮರೆತಿಲ್ಲ.

ಉತ್ತರ 2: ಕ್ಯಾನ್ಸರ್ ವಾರ್ಡಿನ ನರ್ಸ್

ಚಿಕಿತ್ಸೆಯ ಲಯ ತಿಳಿದಿದ್ದರೆ ಕೆಲಸ ಹಂಚುವುದು ಸುಲಭ. ಕಿಮೋ ಅನೇಕರಿಗೆ 21 ದಿನಕ್ಕೊಮ್ಮೆ ಇರುತ್ತದೆ. ಮೊದಲ ಕೆಲವು ದಿನ ಸುಸ್ತು, ಎರಡನೇ ವಾರದ ಸುಮಾರಿಗೆ ಬಿಳಿ ರಕ್ತಕಣಗಳು ತಗ್ಗಿ ಸೋಂಕಿನ ಭಯ. ಆಗ ಕಿಕ್ಕಿರಿದ ಲೈನಿನಲ್ಲಿ ಕೂರಿಸಬಾರದು. ರೇಡಿಯೇಷನ್, ಅಂದರೆ ನಮ್ಮ ಜನ ಕರೆಂಟ್ ಕೊಡುವುದು ಎನ್ನುವ ಚಿಕಿತ್ಸೆ, ಬೇಕಾದರೆ ವಾರಕ್ಕೆ ಐದು ದಿನದಂತೆ ಕೆಲವು ವಾರ ನಡೆಯುತ್ತದೆ. ಕೆಲವು ಔಷಧಿಗಳಿಂದ ಬೆರಳ ತುದಿ ಜೋಮು ಹಿಡಿಯುವುದುಂಟು. ಹೊಲಿಗೆ ಯಂತ್ರದ ಸೂಜಿಯ ಮುಂದೆ ಅದು ಅಪಾಯ. ಕಂಕುಳಿನ ಗ್ರಂಥಿ ತೆಗೆದಿದ್ದರೆ ಆ ಕಡೆಯ ತೋಳು ಊದಿಕೊಳ್ಳಬಹುದು, ಬಂಡಲ್ ಎತ್ತಿಸಬೇಡಿ. ವೈದ್ಯರು ಒಪ್ಪಿದರೆ ಕುಳಿತು ಮಾಡುವ ಚೆಕಿಂಗ್ ಕೆಲಸ ಕೊಡಬಹುದು.

ಉತ್ತರ 3: ಚಿಕಿತ್ಸೆ ಪಡೆದು ಕೆಲಸಕ್ಕೆ ಮರಳಿದ ಶಾಲಾ ಶಿಕ್ಷಕಿ

ಇಷ್ಟೆಲ್ಲವನ್ನೂ ಅವರನ್ನು ಕೇಳದೆ ನಿರ್ಧರಿಸಬೇಡಿ. ನನ್ನ ಸಂಸ್ಥೆಯವರು ನನಗೆ ಒಳ್ಳೆಯದಾಗಲೆಂದೇ ತರಗತಿಯನ್ನು ಬೇರೆಯವರಿಗೆ ಕೊಟ್ಟು, ಕಾಯಿಲೆಯ ವಿಷಯವನ್ನು ಸಭೆಯಲ್ಲಿ ಎಲ್ಲರಿಗೂ ಹೇಳಿದರು. ಮರುದಿನದಿಂದ ಎದುರು ಬಂದವರೆಲ್ಲ ಅಯ್ಯೋ ಪಾಪ ಎಂದು ಮುಖ ನೋಡುತ್ತಿದ್ದರು, ಕೆಲವರು ನನ್ನ ಲೋಟ ಮುಟ್ಟಲೂ ಹಿಂಜರಿದರು. ಕ್ಯಾನ್ಸರ್ ಅಂಟುರೋಗವಲ್ಲ ಎಂದು ಯಾರಾದರೂ ಅಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಯಾರಿಗೆ ತಿಳಿಸಬೇಕು, ಎಷ್ಟು ತಿಳಿಸಬೇಕು, ಯಾವ ಕೆಲಸ ಸಾಧ್ಯ ಎಂಬುದನ್ನು ಅವರೇ ಹೇಳಲಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಾಲುದಾರರಿಗೆ ಇದನ್ನೆಲ್ಲ ಓದಿ ಹೇಳಿದೆ, ಅವರೂ ಒಪ್ಪಿದರು. ನಾಳೆ ಆ ಮಹಿಳೆಯನ್ನು ಪತಿಯೊಡನೆ ಕರೆದು, ನಿಮ್ಮ ಯಂತ್ರ ನಿಮಗಾಗಿಯೇ ಇರುತ್ತದೆ ಎಂದು ಮೊದಲು ಹೇಳಿ, ಉಳಿದದ್ದನ್ನು ಅವರಿಂದಲೇ ಕೇಳಿ ತಿಳಿಯುತ್ತೇನೆ.