ಮನೆಮಂದಿಯೆಲ್ಲ ಕಾರಿನಲ್ಲಿ ದೇಶದ ಆ ತುದಿಗೆ: ಹೋಗಿ ಬಂದವರು ಸ್ವಲ್ಪ ಹೇಳಿ

ಪ್ರಶ್ನೆ:
ಬರುವ ರಜೆಗೆ ಕಾರಿನಲ್ಲೇ ದೇಶದ ಈ ತುದಿಯಿಂದ ಆ ತುದಿಗೆ ಹೊರಟಿದ್ದೇವೆ. ಒಂದು ಕಡೆಗೇ 2,000 ಕಿ.ಮೀ. ದಾಟುತ್ತದೆ. ನಾನು, ನಮ್ಮನೆಯವರು, ಅತ್ತೆ, 9 ಮತ್ತು 4 ವರ್ಷದ ಮಕ್ಕಳು. ಡ್ರೈವಿಂಗ್ ನಮ್ಮಿಬ್ಬರಿಗೂ ಬರುತ್ತದೆ. ಚಿಕ್ಕವನಿಗೆ ಕಾರು ಹತ್ತಿದರೆ ವಾಂತಿ. ದಿನಕ್ಕೆ 800 ಕಿ.ಮೀ. ಹೊಡೆದರೆ ಮೂರನೇ ದಿನ ಮುಟ್ಟುತ್ತೇವೆ ಅನ್ನುವುದು ನಮ್ಮನೆಯವರ ಲೆಕ್ಕ. ಆಗುತ್ತಾ? ಏನೇನು ತಯಾರಿ ಬೇಕು?

ಉತ್ತರ 1:
ಒಬ್ಬರೇ ಹೋಗುವುದಾದರೆ ಆದೀತು. ಮಕ್ಕಳು, ಹಿರಿಯರು ಇದ್ದಾಗ ಆಗುವುದಿಲ್ಲ, ಆಗಿಸಲೂ ಹೋಗಬೇಡಿ. ಮ್ಯಾಪ್ 10 ಗಂಟೆ ತೋರಿಸಿದರೆ ಅದು ಎಲ್ಲೂ ನಿಲ್ಲದ ಕಾರಿನ ಲೆಕ್ಕ. ನೀವು ಎರಡು ಗಂಟೆಗೊಮ್ಮೆ ನಿಲ್ಲಿಸುತ್ತೀರಿ, ನಿಲ್ಲಿಸಿದ್ದು ಕಾಲು ಗಂಟೆಯಲ್ಲಿ ಮುಗಿಯುವುದಿಲ್ಲ. ಒಬ್ಬರದು ಟಾಯ್ಲೆಟ್ ಆಯಿತು ಅನ್ನುವಾಗ ಇನ್ನೊಬ್ಬರ ಒಂದು ಕಾಲಿನ ಚಪ್ಪಲಿ ಸೀಟಿನಡಿ ಸೇರಿರುತ್ತದೆ, ಎಲ್ಲರೂ ಹತ್ತಿ ಬೆಲ್ಟ್ ಹಾಕಿದ ಮೇಲೆ ಮಗುವಿಗೆ ಹಸಿವು ಶುರು. ಹತ್ತು ಗಂಟೆ ಸಲೀಸಾಗಿ ಹದಿಮೂರಾಗುತ್ತದೆ. ಕೊನೆಯ ಮೂರು ಗಂಟೆ ಕತ್ತಲೆ, ಗೊತ್ತಿಲ್ಲದ ಊರು, ದಣಿದ ಡ್ರೈವರ್.

ಕಿಲೋಮೀಟರ್ ಬಿಟ್ಟು ಗಂಟೆ ಹಿಡಿಯಿರಿ. ದಿನಕ್ಕೆ ಆರು ಗಂಟೆ ಸ್ಟೀರಿಂಗ್, ಕತ್ತಲಾಗುವ ಮೊದಲು ಕಾರು ನಿಂತಿರಬೇಕು. ಒಳ್ಳೆಯ ಹೆದ್ದಾರಿಯಲ್ಲಿ ಅದು 400–450 ಕಿ.ಮೀ. ಮೊದಲ ದಿನಕ್ಕೆ ಇನ್ನೂ ಕಡಿಮೆ ಇಟ್ಟುಕೊಳ್ಳಿ, ಅಂದುಕೊಂಡ ಹೊತ್ತಿಗೆ ಹೊರಟ ಮನೆ ನಾನಂತೂ ನೋಡಿಲ್ಲ. ನಡುವೆ ಒಂದು ದಿನ ಕಾರನ್ನೇ ಮುಟ್ಟಬೇಡಿ.

ಉತ್ತರ 2:
ಮೇಲಿನವರ ಮಾತು ಪೂರ್ತಿ ಒಪ್ಪಲಾರೆ. ನಾವು ಹೊರಡುವುದೇ ರಾತ್ರಿ 2ಕ್ಕೆ. ಮಕ್ಕಳು ಮಲಗಿರುತ್ತಾರೆ, ರಸ್ತೆ ಖಾಲಿ, ಬೆಳಗಿನ ತಿಂಡಿಯ ಹೊತ್ತಿಗೆ ಅರ್ಧ ದಾರಿ ಮುಗಿದಿರುತ್ತದೆ.

ಉತ್ತರ 1:
ಮಕ್ಕಳು ಮಲಗಿರುತ್ತಾರೆ ಸರ್, ಓಡಿಸುವವರ ಮೈಯೂ ಮಲಗಲು ಬೇಡುತ್ತಿರುತ್ತದಲ್ಲ! ದೇಹದ ಗಡಿಯಾರಕ್ಕೆ ರಾತ್ರಿ 2ರಿಂದ ಬೆಳಗಿನ 5–6ರವರೆಗೆ ಗಾಢ ನಿದ್ದೆಯ ಹೊತ್ತು. ಮಧ್ಯಾಹ್ನ 2–4ಕ್ಕೆ ಇನ್ನೊಂದು ಸಣ್ಣ ಮಂಪರು. ಗಂಟೆಗೆ 100 ಕಿ.ಮೀ. ವೇಗದಲ್ಲಿ 4 ಸೆಕೆಂಡ್ ಜೊಂಪು ಹತ್ತಿದರೆ ಕಾರು ಹೇಳುವವರು ಕೇಳುವವರಿಲ್ಲದೆ 110 ಮೀಟರ್ ಹೋಗಿರುತ್ತದೆ. ಬೇಗ ಹೊರಡಬೇಕೆಂದರೆ ರಾತ್ರಿ ಒಂಬತ್ತಕ್ಕೇ ಮಲಗಿ ಐದೂವರೆಗೆ ಹೊರಡಿ.

ತೂಕಡಿಕೆಗೆ ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕಾಫಿ ಕುಡಿದು ತಕ್ಷಣ 20 ನಿಮಿಷ ಕಣ್ಣು ಮುಚ್ಚಿ. ಕಾಫಿ ಮೈಗೆ ಹತ್ತಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು, ಏಳುವಾಗ ಎರಡೂ ಸೇರಿ ಕೆಲಸ ಮಾಡುತ್ತವೆ. ಇದೂ ಸ್ವಲ್ಪ ಹೊತ್ತಿನ ಉಪಾಯ ಅಷ್ಟೆ, ರಾತ್ರಿ ನಿದ್ದೆಗೆ ಬದಲಿ ಅಲ್ಲ. ಇನ್ನೊಂದು: ಎ.ಸಿ.ಯನ್ನು ಒಳಗಿನ ಗಾಳಿಯೇ ಸುತ್ತುವ ಮೋಡಿನಲ್ಲಿ ಗಂಟೆಗಟ್ಟಲೆ ಬಿಟ್ಟರೆ ಐದು ಜನರ ಉಸಿರಿನ ಇಂಗಾಲದ ಡೈಆಕ್ಸೈಡ್ ಒಳಗೇ ಸೇರುತ್ತ ಹೋಗುತ್ತದೆ, ಮಂಪರು ಬರಲು ಅದೂ ಕಾರಣ. ಆಗಾಗ ಹೊರಗಿನ ಗಾಳಿ ಬಿಡಿ. ಇಬ್ಬರಿಗೂ ಬರುತ್ತದೆ ಅಂದಿರಿ, ಒಳ್ಳೆಯದೇ ಆಯಿತು. ಆದರೆ "ಸುಸ್ತಾದಾಗ ಕೊಡುತ್ತೇನೆ" ಅನ್ನುವವರು ಕೊಡುವುದೇ ಇಲ್ಲ. ಗಡಿಯಾರ ನೋಡಿ ಬದಲಾಯಿಸಿಕೊಳ್ಳಿ.

ಉತ್ತರ 3:
ಗಾಡಿ ವಿಷಯ ನಾನು ಹೇಳುತ್ತೇನೆ. ಸರ್ವಿಸನ್ನು ಹೊರಡುವ ಹಿಂದಿನ ದಿನ ಮಾಡಿಸಬೇಡಿ, ಎರಡು ವಾರ ಮುಂಚೆ ಮಾಡಿಸಿ. ಬಿಚ್ಚಿ ಜೋಡಿಸಿದ್ದರಲ್ಲಿ ಏನಾದರೂ ಸಡಿಲ ಉಳಿದಿದ್ದರೆ ಮನೆ ಹತ್ತಿರವೇ ಗೊತ್ತಾಗಲಿ. ಬ್ರೇಕ್ ಪ್ಯಾಡ್, ಕೂಲೆಂಟ್, ಬ್ಯಾಟರಿ, ವೈಪರ್ ಅವರೇ ನೋಡುತ್ತಾರೆ.

ಟೈರನ್ನು ಮಾತ್ರ ನೀವೇ ಕೂತು ನೋಡಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 3221 ಅಂದರೆ 2021ರ 32ನೇ ವಾರ ತಯಾರಾದದ್ದು. ಕಡಿಮೆ ಓಡಿದ ಟೈರಿಗೂ ವಯಸ್ಸಾಗುತ್ತದೆ, ಹಳೆಯದಾದರೆ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಕಾಣುತ್ತವೆ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ (ಕೆಲವು ಗಾಡಿಗಳಲ್ಲಿ ಇಂಧನದ ಮುಚ್ಚಳದ ಒಳಗೆ). ಅದರಲ್ಲಿ ಸಾಮಾನ್ಯವಾಗಿ ಎರಡು ಲೆಕ್ಕ: ಒಬ್ಬಿಬ್ಬರು ಕೂತಾಗ ಎಷ್ಟು ಗಾಳಿ, ಪೂರ್ತಿ ಲೋಡ್ ಇದ್ದಾಗ ಎಷ್ಟು ಅಂತ. ನಿಮಗೆ ಬೇಕಾದದ್ದು ಎರಡನೆಯದು. ಗಾಳಿ ಕಡಿಮೆ ಇದ್ದು ಭಾರ ಹೆಚ್ಚಾದರೆ ಟೈರಿನ ಗೋಡೆ ಒಂದೇ ಸಮ ಮಡಚಿ ಮಡಚಿ ಕಾಯುತ್ತದೆ. ಹೈವೇಯಲ್ಲಿ ಟೈರ್ ಸಿಡಿಯುವುದು ಬಹಳ ಸಲ ಹೀಗೇ. ಬೆಳಗ್ಗೆ ಟೈರ್ ತಣ್ಣಗಿರುವಾಗಲೇ ನೋಡಬೇಕು. ಓಡಿದ ಮೇಲೆ ನಾಲ್ಕೈದು ಪಿ.ಎಸ್.ಐ. (ಗಾಳಿಯ ಒತ್ತಡದ ಅಳತೆ) ಹೆಚ್ಚು ತೋರಿಸುತ್ತದೆ, ಹೆಚ್ಚಾಯಿತೆಂದು ಬಿಡಲು ಹೋಗಬೇಡಿ.

ಸ್ಟೆಪ್ನಿಗೂ ಗಾಳಿ ಹಾಕಿಸಿ. ಸಣ್ಣ ಗಾತ್ರದ ತಾತ್ಕಾಲಿಕ ಸ್ಟೆಪ್ನಿಯಾದರೆ 80 ಕಿ.ಮೀ. ವೇಗ ದಾಟಬಾರದು, ಅದರ ಮೇಲೇ ಬರೆದಿರುತ್ತದೆ. ಮನೆ ಮುಂದೆ ಒಮ್ಮೆ ಇಬ್ಬರೂ ಜಾಕ್ ಹಾಕಿ ಚಕ್ರ ಬಿಚ್ಚಿ ನೋಡಿ. ಮೆಷಿನ್‌ನಲ್ಲಿ ಬಿಗಿದ ನಟ್ ಕೈಗೆ ಬರುತ್ತದೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಮ್ಮನೆಯವರಿಗೆ ಓದಿ ಹೇಳಿದೆ, 800 ಈಗ 500ಕ್ಕೆ ಇಳಿದಿದೆ! ವಾಂತಿಗೆ ಏನು ಮಾಡುವುದು? ಅತ್ತೆಗೆ ಶುಗರ್ ಬೇರೆ, ಇನ್ಸುಲಿನ್ ತೊಗೋತಾರೆ.

ಉತ್ತರ 4:
ನನ್ನ ಮಗಳಿಗೂ ಇದೇ ಕಾಟ ಇತ್ತು ಅಕ್ಕಾ. ಎರಡರಿಂದ ಹನ್ನೆರಡು ವರ್ಷದೊಳಗೆ ಇದು ಹೆಚ್ಚು. ಒಳಗಿವಿ "ಚಲಿಸುತ್ತಿದ್ದೇವೆ" ಅನ್ನುತ್ತದೆ, ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತಿರುವ ಕಣ್ಣು "ಇಲ್ಲ" ಅನ್ನುತ್ತದೆ, ಆ ಜಗಳ ಹೊಟ್ಟೆಗೆ ಬರುತ್ತದೆ. ಮಕ್ಕಳ ಸೀಟು ಮುಂದಿನ ರಸ್ತೆ ಕಾಣುವ ಹಾಗಿರಲಿ. ಫೋನು, ಚಿತ್ರದ ಪುಸ್ತಕ ಬೇಡ, ಕಥೆ ಕೇಳಿಸಿ. ಹೊಟ್ಟೆ ಖಾಲಿಯೂ ಬೇಡ, ತುಂಬಿಯೂ ಬೇಡ. ಮಾತ್ರೆ ಡಾಕ್ಟರನ್ನು ಕೇಳಿಯೇ ಕೊಡಿ. ಹೆಚ್ಚಿನವನ್ನು ಹೊರಡುವ ಮೊದಲೇ ಕೊಡಬೇಕು, ವಾಂತಿ ಶುರುವಾದ ಮೇಲೆ ಪ್ರಯೋಜನ ಕಡಿಮೆ. ನಿದ್ದೆ ಬರಿಸುವುದರಿಂದ ಓಡಿಸುವವರು ತೆಗೆದುಕೊಳ್ಳಬಾರದು.

ಒಂದು ಜೊತೆ ಬಟ್ಟೆ, ಟವೆಲ್, ಜಿಪ್ ಇರುವ ಪ್ಲಾಸ್ಟಿಕ್ ಚೀಲಗಳು ಕಾಲಬಳಿಯ ಬ್ಯಾಗಿನಲ್ಲೇ ಇರಲಿ. ಡಿಕ್ಕಿಯಲ್ಲಿ ನಾಲ್ಕು ಸೂಟ್‌ಕೇಸಿನ ಅಡಿಯಿದ್ದರೆ ಇದ್ದೂ ಇಲ್ಲದ ಹಾಗೆ. ನೀರಿನ ಬಾಟಲಿ ಮಾತ್ರ ಡ್ರೈವರ್ ಕಾಲಬಳಿ ಉರುಳದಂತೆ ನೋಡಿಕೊಳ್ಳಿ, ಬ್ರೇಕ್ ಪೆಡಲ್ ಅಡಿ ಸಿಕ್ಕಿಕೊಂಡರೆ ಕಷ್ಟ.

ಅತ್ತೆ ವಿಷಯಕ್ಕೆ ಬಂದರೆ, ನಿಮಗೆ ಕಾಣದಂತೆ ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ. "ನಿಲ್ಲಿಸಿ" ಅಂತ ಕೇಳಲು ಸಂಕೋಚ. ಅದಕ್ಕೇ ಯಾರೂ ಕೇಳುವ ಮೊದಲೇ ನಿಲ್ಲಿಸಿ. ಎರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ಹಾಕಲಿ, ಕೂತಲ್ಲೇ ಕೂತರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ವಯಸ್ಸಾದವರಿಗೆ ಹೆಚ್ಚು. ಇನ್ಸುಲಿನ್ ಡ್ಯಾಶ್‌ಬೋರ್ಡ್ ಮೇಲೂ ಬೇಡ, ನಿಲ್ಲಿಸಿದ ಕಾರಿನೊಳಗೂ ಬೇಡ. ತಂಪು ಚೀಲದಲ್ಲಿ ಇಡಿ, ಆದರೆ ಐಸಿಗೆ ನೇರ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯಬೇಕಾಗುತ್ತದೆ. ಚೀಟಿಯ ಫೋಟೊ ಇಬ್ಬರ ಫೋನಿನಲ್ಲೂ ಇರಲಿ.

ಪ್ರಶ್ನೆ ಕೇಳಿದವರು:
ನೀರಿನ ಮಾತು ನಿಜ. ಕೇಳಿದೆ, ನಕ್ಕು ಒಪ್ಪಿಕೊಂಡರು. ಕೊನೆಯದೊಂದು: ಲಗೇಜಿಗೆ ಮೇಲೆ ಕ್ಯಾರಿಯರ್ ಹಾಕಿಸಬೇಕು ಅಂತ ನಮ್ಮನೆಯವರ ಹಠ.

ಉತ್ತರ 3:
ನನ್ನ ಮಟ್ಟಿಗೆ ಬೇಡ. ಗಾಳಿ ತಡೆದು ಇಂಧನ ಹೆಚ್ಚು ಕುಡಿಯುತ್ತದೆ, ಮೇಲೆ ಭಾರವಾದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಹಾಕಿಸಲೇಬೇಕೆಂದರೆ ಛಾವಣಿ ಎಷ್ಟು ಕೆ.ಜಿ. ತಡೆಯುತ್ತದೆಂದು ಮ್ಯಾನ್ಯುಯಲ್‌ನಲ್ಲಿ ನೋಡಿ. ಕ್ಯಾರಿಯರ್‌ನ ತೂಕವೂ ಅದರಲ್ಲೇ ಸೇರುತ್ತದೆ. ಮೇಲೆ ಹಗುರವಾದ ಬಟ್ಟೆಬರೆ, ಭಾರವಾದದ್ದು ಡಿಕ್ಕಿಯ ತಳದಲ್ಲಿ, ಸೀಟಿನ ಬೆನ್ನಿಗೆ ಒತ್ತಿ. ಹಿಂದೆ ಲೋಡ್ ಕೂತಾಗ ಮೂತಿ ಎತ್ತಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸ್ಟೀರಿಂಗ್ ಪಕ್ಕ 0ಯಿಂದ 3ರವರೆಗೆ ಒಂದು ಪುಟ್ಟ ಚಕ್ರ ಇದ್ದರೆ ಅದನ್ನು ತಿರುಗಿಸಿ ಬೆಳಕು ತಗ್ಗಿಸಿಕೊಳ್ಳಿ. ಕ್ಯಾರಿಯರ್ ಹಗ್ಗವನ್ನು ಮೊದಲ ಸ್ಟಾಪಿನಲ್ಲೇ ಒಮ್ಮೆ ಎಳೆದು ನೋಡಿ, ಸಡಿಲವಾಗಿರುತ್ತದೆ.